ಗುತ್ತಿಗೆಗೆ ಹುಡುಗರನ್ನು ಕಳಿಸುವುದು ಹೇಗೆ? ಮೊದಲು ಹೆಸರು ಸರಿ ಮಾಡಿಕೊಳ್ಳಿ

ಬೆಳಿಗ್ಗೆ ಐದೂವರೆಗೆ ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆ ಹೋಗಿ ನಿಂತರೆ ಮೊದಲ ಶಿಫ್ಟಿನ ಹುಡುಗರನ್ನು ತುಂಬಿಕೊಂಡ ವ್ಯಾನುಗಳು ಒಂದರ ಹಿಂದೆ ಒಂದು ಬರುತ್ತವೆ. ಅದರಲ್ಲಿ ಎಷ್ಟೋ ಜನ ಕಂಪನಿಯವರಲ್ಲ, ಕಂಟ್ರಾಕ್ಟರ್ ಕಡೆಯವರು. ಮೊಬೈಲಿನಲ್ಲಿ ಇಪ್ಪತ್ತು ಹುಡುಗರ ನಂಬರ್ ಇದ್ದರೆ ಮ್ಯಾನ್‌ಪವರ್ ಏಜೆನ್ಸಿ ಬೋರ್ಡು ಹಾಕಬಹುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಬೋರ್ಡು ಹಾಕಿ ಆರೇ ತಿಂಗಳಿಗೆ ಇಳಿಸಿದವರನ್ನು ಕಂಡಿದ್ದೇನೆ. ಹುಡುಗರು ಸಿಗಲಿಲ್ಲ ಅಂತ ಅವರ್ಯಾರೂ ಮುಚ್ಚಲಿಲ್ಲ. ಕಾಗದದಲ್ಲಿ ಎಡವಿದರು.

1. ಲೈಸೆನ್ಸ್

ಪ್ಯಾನ್, ಜಿಎಸ್‌ಟಿ, ಉದ್ಯಮ್ (ಸಣ್ಣ ಉದ್ಯಮದ) ನೋಂದಣಿ, ಪಿಎಫ್ (ಭವಿಷ್ಯ ನಿಧಿ) ಕೋಡ್, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕೋಡ್, ಇಷ್ಟನ್ನು ಮೊದಲು ಮಾಡಿಸಿ. ಒಳ್ಳೆ ಆಡಿಟರ್ ಇದ್ದರೆ ಇದೇನೂ ದೊಡ್ಡ ಕೆಲಸವಲ್ಲ.

ಗುತ್ತಿಗೆ ಕಾರ್ಮಿಕರ ಲೈಸೆನ್ಸ್ ಲೆಕ್ಕ ಮಾತ್ರ ಈಚೆಗೆ ಬದಲಾಗಿದೆ. 1970ರ ಕಾಯ್ದೆಯಲ್ಲಿ 20 ಜನಕ್ಕೆ ಲೈಸೆನ್ಸ್ ಬೇಕಿತ್ತು. 2025ರ ನವೆಂಬರ್ 21ರಂದು ಹಳೇ ಕಾರ್ಮಿಕ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, ಆ ಮಿತಿ 50ಕ್ಕೆ ಏರಿತು. ಅದನ್ನು ಕೇಳಿದ್ದೇ ತಡ, "ನಂದು ನಲವತ್ತೇ ಜನ, ನಂಗೇನೂ ಬೇಡ" ಅಂತ ರಿಜಿಸ್ಟರ್‌ಗಳನ್ನೆಲ್ಲ ಅಟ್ಟಕ್ಕೆ ಹಾಕಿದವರಿದ್ದಾರೆ. ಹಾಗೆ ಮಾಡಬೇಡಿ. ಕನಿಷ್ಠ ವೇತನ ಒಬ್ಬನೇ ಇದ್ದರೂ ಕೊಡಬೇಕು. ಇಎಸ್‌ಐ 10 ಜನಕ್ಕೇ ಬರುತ್ತದೆ, ಪಿಎಫ್ 20ಕ್ಕೆ. ನೇಮಕಾತಿ ಪತ್ರ ಈಗ ಎಲ್ಲರಿಗೂ ಕಡ್ಡಾಯ.

2. ರೇಟು

ಕಂಪನಿಯ ಪರ್ಚೇಸ್‌ನವರು ಕೇಳುವ ಮೊದಲ ಪ್ರಶ್ನೆ: "ಸರ್ವಿಸ್ ಚಾರ್ಜ್ ಎಷ್ಟು ಹಾಕ್ತೀರಿ?" ಬಾಯಿಗೆ ಬಂದ ನಂಬರ್ ಹೇಳಬೇಡಿ. ಒಂದು ಹಾಳೆ ತಗೊಂಡು ಲೆಕ್ಕ ಹಾಕಿ.

ತಿಂಗಳಿಗೆ 18,000 ಸಂಬಳ ಅಂದುಕೊಳ್ಳಿ. ಹುಡುಗನಿಂದ ಪಿಎಫ್ 12 ಪರ್ಸೆಂಟ್ ಕಟ್ಟಾಗುತ್ತದೆ. ಪಿಎಫ್ ಲೆಕ್ಕಕ್ಕೆ ಇರುವ 15,000ದ ಮಿತಿ ಮೇಲೆ ಹಾಕಿದರೆ 1,800. ಇಎಸ್‌ಐ 0.75 ಪರ್ಸೆಂಟ್, ಅಂದರೆ 135. ಅವನ ಕೈಗೆ ಹೋಗುವುದು 16,065. ನಿಮ್ಮ ಕಡೆಯಿಂದ ಪಿಎಫ್ ಆಡಳಿತ ಖರ್ಚು, ವಿಮೆ ಎಲ್ಲ ಸೇರಿ 13 ಪರ್ಸೆಂಟ್, 1,950. ಇಎಸ್‌ಐ 3.25 ಪರ್ಸೆಂಟ್, 585. ಅಲ್ಲಿಗೇ 20,535 ಆಯಿತು. ಇದಕ್ಕೆ 8.33 ಪರ್ಸೆಂಟ್ ಬೋನಸ್, ಗ್ರಾಚ್ಯುಟಿ, ರಜೆ ಸಂಬಳ ಸೇರಿಸಿ. ಪ್ರತಿ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಏರುತ್ತದೆ. ಏರಿದ್ದನ್ನು ಕಂಪನಿಯೇ ಕೊಡಬೇಕು ಅಂತ ಅಗ್ರಿಮೆಂಟಿನಲ್ಲಿ ಒಂದು ಸಾಲು ಹಾಕಿಸಿ.

ಈ ಹಾಳೆ ನೋಡಿದ ಮೇಲೂ ಒಬ್ಬ ಕಂಟ್ರಾಕ್ಟರ್ ಸಂಬಳದ ಮೇಲೆ ಮೂರು ಪರ್ಸೆಂಟ್ ಸರ್ವಿಸ್ ಚಾರ್ಜಿಗೆ ಒಪ್ಪಿಕೊಂಡ ಅಂದರೆ ತಲೆಗೆ 540 ರೂಪಾಯಿಯಲ್ಲಿ ವ್ಯಾನು, ಸೂಪರ್‌ವೈಸರ್, ಆಫೀಸು ಎಲ್ಲ ನಡೆಸಬೇಕು. ಒಂದೋ ಅವನಿಗೆ ಲೆಕ್ಕ ಬರುವುದಿಲ್ಲ, ಇಲ್ಲ ಹುಡುಗರ ಪಿಎಫ್ ಮೇಲೆ ಕಣ್ಣಿದೆ. ಮಾಲೀಕನ ಪಾಲನ್ನೂ ಹುಡುಗರ ಸಂಬಳದಿಂದಲೇ ಮುರಿದು "ಇಪ್ಪತ್ತೈದು ಪರ್ಸೆಂಟ್ ಕಟ್ಟಿಂಗು" ಅನ್ನುವವರು ನಮ್ಮೂರಲ್ಲೇ ಇದ್ದಾರೆ. ಅದು ಕಾನೂನುಬಾಹಿರ. ಕೆಲಸ ಕೊಡಿಸಿದ್ದಕ್ಕೆ ಹುಡುಗರ ಹತ್ತಿರ ದುಡ್ಡು ಕೇಳುವುದು, ಅಂಕಪಟ್ಟಿಯ ಒರಿಜಿನಲ್ ಇಟ್ಟುಕೊಳ್ಳುವುದು ಇನ್ನೂ ಕೀಳು ಕೆಲಸ.

ಬಂಡವಾಳವನ್ನೂ ಮೊದಲೇ ನೋಡಿಕೊಳ್ಳಿ. ಸಂಬಳ ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಕಂಪನಿಯ ದುಡ್ಡು ನಲವತ್ತೈದು ದಿನಕ್ಕೆ ಬರುತ್ತದೆ. ನಲವತ್ತು ಹುಡುಗರಿದ್ದರೆ ಎಂಟು ಲಕ್ಷದ ಮೇಲೆ ನಿಮ್ಮ ಕೈಯಿಂದಲೇ ಹೋಗಿರುತ್ತದೆ. 18 ಪರ್ಸೆಂಟ್ ಜಿಎಸ್‌ಟಿಯನ್ನು ಸರ್ವಿಸ್ ಚಾರ್ಜಿಗಲ್ಲ, ಪೂರ್ತಿ ಬಿಲ್ಲಿಗೆ ಕಟ್ಟಬೇಕು, ಅದೂ ಕಂಪನಿ ದುಡ್ಡು ಹಾಕುವ ಮುಂಚೆ. ಉದ್ಯಮ್ ನೋಂದಣಿ ಮಾಡಿಸಿ ಅಂದಿದ್ದು ಸುಮ್ನೆ ಅಲ್ಲ. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾಯ್ದೆ ಇದೆ.

3. ಅಗ್ರಿಮೆಂಟು

ಯಾವ ಕೆಲಸಕ್ಕೆ ಜನ ಕೊಡುತ್ತಿದ್ದೀರಿ ಅಂತ ಬಿಡಿಸಿ ಬರೆಯಿರಿ. ಹೌಸ್‌ಕೀಪಿಂಗ್, ಕ್ಯಾಂಟೀನ್, ಸೆಕ್ಯೂರಿಟಿ, ಲೋಡಿಂಗ್ ಆದರೆ ಸಾಮಾನ್ಯವಾಗಿ ತಕರಾರಿಲ್ಲ. ಕಂಪನಿಯ ಮುಖ್ಯ ಉತ್ಪಾದನೆಯ ಕೆಲಸಕ್ಕೆ ಗುತ್ತಿಗೆಯವರನ್ನು ಹಾಕುವುದನ್ನು ಹೊಸ ಸಂಹಿತೆ ನಿಷೇಧಿಸಿದೆ. ದಿಢೀರನೆ ಆರ್ಡರ್ ಜಾಸ್ತಿಯಾದಾಗ ಅನ್ನುವಂಥ ಕೆಲವು ವಿನಾಯಿತಿ ಇವೆ. ಹೌಸ್‌ಕೀಪಿಂಗ್ ಅಂತ ಬರೆದು ಹುಡುಗರನ್ನು ಮಷೀನಿಗೆ ನಿಲ್ಲಿಸುವ ಕಂಪನಿಯಿಂದ ದೂರ ಇರಿ.

4. ಹೆಸರು

ಎಲ್ಲರೂ ಬೀಳುವ ಗುಂಡಿ ಇದೇ. ಲೈಸೆನ್ಸಿಗೆ ಆಡಿಟರ್ ಇದ್ದಾರೆ, ಅಗ್ರಿಮೆಂಟಿಗೆ ವಕೀಲರಿದ್ದಾರೆ. ಹುಡುಗನ ಹೆಸರು ನೋಡುವವರು ಯಾರೂ ಇರುವುದಿಲ್ಲ.

ಕೆ.ಆರ್. ಪೇಟೆ ಕಡೆಯ ಒಬ್ಬ ಹುಡುಗ. ಮಂಜುನಾಥ ಅಂತ ಇಟ್ಟುಕೊಳ್ಳಿ, ನಿಜವಾದ ಹೆಸರು ಬೇರೆ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಅಂಕಪಟ್ಟಿಯಲ್ಲಿ ಮುಂದೆ. ಪಾಸ್‌ಬುಕ್‌ನಲ್ಲಿ ಬರೀ "ಮಂಜು ಬಿನ್ ಶಿವಣ್ಣ". ಹುಟ್ಟಿದ ದಿನ ಅಂಕಪಟ್ಟಿಯಲ್ಲಿ ಜೂನ್ 1, ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡಿದ್ದು. ಆಧಾರ್‌ನಲ್ಲಿ ಜನವರಿ 1, ಅಪ್ಪ ವರ್ಷ ಮಾತ್ರ ಹೇಳಿದ್ದರು. ಮೂರು ಕಾಗದದಲ್ಲಿ ಮೂರು ಜನ. ಕೂತಿರುವವನು ಒಬ್ಬನೇ.

"ಹಿಂದೆ ಎಲ್ಲಾದರೂ ಪಿಎಫ್ ಕಟ್ಟಾಗ್ತಿತ್ತೇನಪ್ಪಾ?"

"ಪಿಎಫ್ಪು ಗಿಎಫ್ಪು ಏನೂ ಇಲ್ಲ ಕಣಣ್ಣ."

ನಾನು ನಂಬಿದೆ. ಹಿಂದೆ ಪಿಎಫ್ ಇತ್ತಾ ಅಂತ ಕೇಳುವ ಫಾರಂ 11ರಲ್ಲಿ "ಇಲ್ಲ" ಅಂತ ಟಿಕ್ ಹಾಕಿಸಿದೆ. ಅವನು ಎರಡು ವರ್ಷದ ಹಿಂದೆ ಇನ್ನೊಂದು ಕಂಟ್ರಾಕ್ಟರ್ ಹತ್ತಿರ ನಾಲ್ಕು ತಿಂಗಳು ಇದ್ದ. ಅವರು ಯುಎಎನ್ (ಎಲ್ಲಿ ಕೆಲಸ ಮಾಡಿದರೂ ಒಬ್ಬನಿಗೆ ಒಂದೇ ಇರುವ ಪಿಎಫ್ ನಂಬರ್) ಮಾಡಿಸಿದ್ದರು, ಕೆಲಸ ಬಿಟ್ಟ ದಿನಾಂಕ ಹಾಕಿರಲಿಲ್ಲ. ಹೊಸದು ಮಾಡಲು ಹೋದರೆ ಆಧಾರ್ ಆಗಲೇ ಹಳೇ ನಂಬರಿಗೆ ಅಂಟಿಕೊಂಡಿತ್ತು. ಹಳೇ ನಂಬರ್ ಅವನಿಗೆ ಗೊತ್ತಿಲ್ಲ. ಓಟಿಪಿ ಹೋಗುತ್ತಿದ್ದುದು ಅವನ ಸೋದರಮಾವನ ಮೊಬೈಲಿಗೆ. ಮಾವ ಆಗ ಪಾಂಡವಪುರದ ಗದ್ದೆಯಲ್ಲಿ, ಫೋನು ಮನೆಯಲ್ಲಿ.

ಒಬ್ಬನ ಹೆಸರು ತಾನೇ, ಏನಾಗುತ್ತದೆ ಅನ್ನಬೇಡಿ. ಪಿಎಫ್ ಚಲನ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಎಲ್ಲರ ಹೆಸರಿರುವ ಆ ಚಲನ್ ಪಟ್ಟಿಯನ್ನು ಬಿಲ್ಲಿಗೆ ಲಗತ್ತಿಸದಿದ್ದರೆ ಕಂಪನಿಯ ಎಚ್‌ಆರ್ ಬಿಲ್ ಪಾಸ್ ಮಾಡುವುದಿಲ್ಲ. ನೀವು ಕಟ್ಟದಿದ್ದರೆ ಹೊಣೆ ಅವರ ತಲೆಗೇ ಬರುತ್ತದೆ, ಹಾಗಾಗಿ ಅವರು ಕೇಳುವುದು ನ್ಯಾಯ. ಮೂವತ್ತೊಂಬತ್ತು ಹೆಸರು ಬಂತು, ಒಂದು ಬರಲಿಲ್ಲ. ಎಂಟು ಲಕ್ಷದ ಬಿಲ್ಲು ಹತ್ತೊಂಬತ್ತು ದಿನ ನಿಂತಿತು. ಸಂಬಳ ಕೊಡಲು ಮನೆಯವರ ಬಳೆ ಇಟ್ಟೆ.

ಅಂದಿನಿಂದ ನಾನು ಮಾಡುವುದು ಹೀಗೆ. ಹುಡುಗನನ್ನು ಸೈಟಿಗೆ ಕಳಿಸುವ ಮೊದಲು ಆಫೀಸಿನಲ್ಲಿ ಅರ್ಧ ದಿನ ಕೂರಿಸಿಕೊಳ್ಳುತ್ತೇನೆ. ಟೀ ನಮ್ಮದೇ. ಆಧಾರ್, ಅಂಕಪಟ್ಟಿ, ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಇಂಗ್ಲಿಷ್ ಸ್ಪೆಲಿಂಗ್ ಒಂದೊಂದೇ ಅಕ್ಷರ ಓದಿಸುತ್ತೇನೆ. ಮಂಜುನಾಥದ ಕೊನೆಗೆ ಒಂದು 'ಎ' ಇದೆಯೋ ಇಲ್ಲವೋ ಅನ್ನುವುದರಲ್ಲೇ ಎಷ್ಟೋ ತಿಂಗಳು ಹಾಳಾಗಿವೆ. ಅಂಕಪಟ್ಟಿ ನೋಡುವುದಕ್ಕೆ ಇನ್ನೊಂದು ಕಾರಣವಿದೆ. ಹದಿನೆಂಟು ತುಂಬದ ಹುಡುಗ ಇಪ್ಪತ್ತು ಅಂತ ಹೇಳಿಕೊಂಡು ಬರುತ್ತಾನೆ. ಅಂಥವನನ್ನು ಫ್ಯಾಕ್ಟರಿಗೆ ಕಳಿಸಲೇಬೇಡಿ.

ಹೊಂದದಿದ್ದರೆ ಯಾವುದನ್ನು ತಿದ್ದಬೇಕು? ಸಾಧ್ಯವಾದಷ್ಟೂ ಆಧಾರ್ ಮುಟ್ಟಬೇಡಿ. ಅದರಲ್ಲಿ ಹೆಸರು ಬದಲಾಯಿಸಲು ಜೀವನದಲ್ಲಿ ಎರಡೇ ಸಲ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಆಧಾರ್‌ನಲ್ಲಿ ನಿಜವಾಗಿಯೂ ತಪ್ಪಿದ್ದರೆ ಮಾತ್ರ ತಿದ್ದಿಸಿ. ಇಲ್ಲದಿದ್ದರೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕನ್ನು ಆಧಾರ್‌ಗೆ ಹೊಂದಿಸಿ. ಅವನ ಈಗಿನ ಮೊಬೈಲ್ ನಂಬರ್ ಆಧಾರ್‌ಗೆ ಲಿಂಕ್ ಆಗಿದೆಯಾ ಅಂತ ಒಂದು ಓಟಿಪಿ ಕಳಿಸಿ ಅಲ್ಲೇ ಪರೀಕ್ಷೆ ಮಾಡಿ.

"ಪಿಎಫ್ ಇತ್ತಾ" ಅಂತ ಕೇಳಬೇಡಿ. ಅವರಿಗೆ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಕೈಗೆ ಜಾಸ್ತಿ ಸಂಬಳ ಬರಲಿ ಅಂತ ಹೇಳುವುದಿಲ್ಲ. "ಹಿಂದೆ ಎಲ್ಲೆಲ್ಲಿ ಕೆಲಸ ಮಾಡಿದ್ದೆ, ಸಂಬಳ ಕೈಗೋ ಬ್ಯಾಂಕಿಗೋ, ಮೊಬೈಲಿಗೆ ಮೆಸೇಜ್ ಬರ್ತಿತ್ತಾ" ಅಂತ ಕೇಳಿ. ಆಗ ಕತೆಯೆಲ್ಲ ಹೊರಗೆ ಬರುತ್ತದೆ. ಹಳೇ ಯುಎಎನ್ ಇದ್ದು ಬಿಟ್ಟ ದಿನಾಂಕ ಇಲ್ಲದಿದ್ದರೆ, ಕೊನೆಯ ಪಿಎಫ್ ಕಟ್ಟಿ ಎರಡು ತಿಂಗಳಾಗಿದ್ದರೆ ಸಾಕು, ಅವನೇ ಪಿಎಫ್ ಪೋರ್ಟಲ್‌ನಲ್ಲಿ ಹಾಕಿಕೊಳ್ಳಬಹುದು. ಹಳೇ ಕಂಟ್ರಾಕ್ಟರ್ ಮನೆ ಮುಂದೆ ಕಾಯಬೇಕಾಗಿಲ್ಲ. ಹೊಸ ಯುಎಎನ್ ಆದರೆ 2025ರ ಆಗಸ್ಟ್‌ನಿಂದ ಸರ್ಕಾರದ ಉಮಂಗ್ ಆಪ್‌ನಲ್ಲಿ ಮುಖ ತೋರಿಸಿಯೇ ಮಾಡಬೇಕು. ಬೆಳಕಿರುವ ಕಡೆ, ಕಿಟಕಿ ಪಕ್ಕ ಕೂರಿಸಿ. ಸೈಬರ್ ಸೆಂಟರ್‌ನಲ್ಲಿ "ಐನೂರು ಕೊಡಿ, ನಾವೇ ಮಾಡ್ತೀವಿ" ಅನ್ನುವವರ ಕೈಗೆ ಆಧಾರ್ ಕೊಡಬೇಡಿ. ಅವರದೇ ಮೊಬೈಲ್ ನಂಬರ್ ಹಾಕಿ ಕಳಿಸುತ್ತಾರೆ, ಆಮೇಲೆ ಪ್ರತಿ ಓಟಿಪಿಗೂ ಅವರ ಬಾಗಿಲು.

ಇಎಸ್‌ಐ ನಂಬರನ್ನೂ ಅವತ್ತೇ ಮಾಡಿ. ಹತ್ತು ದಿನ ಟೈಮ್ ಇದೆ ಅಲ್ವಾ ಅನ್ನುತ್ತಾರೆ. ನನಗೆ ಗೊತ್ತಿರುವ ಒಂದು ಕಡೆ ಎರಡನೇ ದಿನವೇ ಪ್ರೆಸ್ ಮಷೀನಿಗೆ ಬೆರಳು ಸಿಕ್ಕಿತು. ಕೆಲಸದ ಜಾಗದ ಗಾಯಕ್ಕೆ ಮೊದಲ ದಿನದಿಂದಲೇ ಇಎಸ್‌ಐ ಸೌಲಭ್ಯ ಉಂಟು. ಆದರೆ ಕೆಆರ್‌ಎಸ್ ರಸ್ತೆಯ ಇಎಸ್‌ಐ ಆಸ್ಪತ್ರೆ ಕೌಂಟರಿನಲ್ಲಿ ಕೇಳುವುದು ನಂಬರ್. ಬಟ್ಟೆ ಸುತ್ತಿದ ಕೈ ಹಿಡಿದುಕೊಂಡು ನಿಂತವನ ಪಕ್ಕ ನಂಬರ್ ಇಲ್ಲದೆ ನಿಲ್ಲುವ ಕಷ್ಟ ನಿಮಗೆ ಬೇಡ.

5. ಗೇಟಿನ ಒಳಗೆ

ಹುಡುಗ ಯಾರವನು, ನಿಮ್ಮವನೋ ಕಂಪನಿಯವನೋ? ಕೋರ್ಟಿಗೆ ಹೋದರೆ ಕೇಳುವುದು ಇದನ್ನೇ. ಗುತ್ತಿಗೆ ಪದ್ಧತಿ ನಿಷೇಧವಾದರೂ ಕಾರ್ಮಿಕರು ತಾನಾಗೇ ಕಂಪನಿಯವರಾಗುವುದಿಲ್ಲ, ಆದರೆ ಗುತ್ತಿಗೆಯೇ ಬರೀ ನಾಟಕ ಅಂತ ಸಾಬೀತಾದರೆ ಅವರು ಕಂಪನಿಯವರೇ ಅಂತ 2001ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ನೇಮಕ ಮಾಡಿದ್ದು ಯಾರು, ಸಂಬಳ ಕೊಟ್ಟಿದ್ದು ಯಾರು, ತೆಗೆಯುವ ಅಧಿಕಾರ ಯಾರಿಗೆ, ದಿನದ ಹತೋಟಿ ಯಾರ ಕೈಲಿ ಎಂಬುದನ್ನು ನೋಡುತ್ತಾರೆ.

ಹಾಗಾಗಿ ಸೈಟಿನಲ್ಲಿ ನಿಮ್ಮದೇ ಸೂಪರ್‌ವೈಸರ್ ಇರಲಿ. ರಜೆ ಕೇಳಬೇಕಾದರೆ ಅವರನ್ನೇ ಕೇಳಲಿ. ಐಡಿ ಕಾರ್ಡು, ಎಚ್ಚರಿಕೆ ಪತ್ರ ನಿಮ್ಮ ಲೆಟರ್‌ಹೆಡ್ಡಿನಲ್ಲೇ ಹೋಗಲಿ. ಈಗಿನ ದೊಡ್ಡ ತಲೆನೋವು ವಾಟ್ಸ್ಆಪ್ ಗ್ರೂಪು. ಕಂಪನಿಯ ಲೈನ್ ಲೀಡರ್ ನಮ್ಮ ಹುಡುಗರನ್ನೂ ಸೇರಿಸಿಕೊಂಡು "ನಾಳೆ ಸೆಕೆಂಡ್ ಶಿಫ್ಟ್ ಬನ್ನಿ, ರಜೆ ಇಲ್ಲ" ಅಂತ ಹಾಕುತ್ತಾರೆ. ಒಂದು ಸ್ಕ್ರೀನ್‌ಶಾಟ್ ಸಾಕು, ನಿಮ್ಮ ಇಪ್ಪತ್ತು ಪುಟದ ಅಗ್ರಿಮೆಂಟು ಅಲ್ಲಾಡುತ್ತದೆ. ಆ ಗ್ರೂಪಿನಿಂದ ನಿಮ್ಮವರನ್ನು ಹೊರಗೆ ತೆಗೆಸಿ.

6. ಪ್ರತಿ ತಿಂಗಳು

ಹಾಜರಿ, ಬ್ಯಾಂಕಿಗೆ ಸಂಬಳ, ವೇಜ್ ಸ್ಲಿಪ್, 15ರೊಳಗೆ ಪಿಎಫ್ ಮತ್ತು ಇಎಸ್‌ಐ. ತಪ್ಪಿಸಬೇಡಿ, ಅಷ್ಟೇ. ಪಿಎಫ್ ತಡವಾದರೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ, ಅದರ ಮೇಲೆ ದಂಡ ಬೇರೆ.

7. ಬಿಟ್ಟು ಹೋಗುವಾಗ

ಮಂಡ್ಯ ಕಡೆಯ ಹುಡುಗರು ಬಿಡುವುದಕ್ಕೆ ಒಂದು ಕಾಲ ಇದೆ. ಕೆಆರ್‌ಎಸ್‌ನಿಂದ ನಾಲೆಗೆ ನೀರು ಬಿಟ್ಟರು ಅಂದರೆ ನಾಟಿ ಶುರು, ಹಾಜರಿ ಪುಸ್ತಕದಲ್ಲಿ ಸಾಲುಸಾಲು ಆಬ್ಸೆಂಟ್. ಆಮೇಲೆ ಊರಹಬ್ಬ, ಕುಯ್ಲು. ಬೈದು ಏನೂ ಆಗುವುದಿಲ್ಲ. ಆ ತಿಂಗಳುಗಳಿಗೆ ನಂಜನಗೂಡು, ಹುಣಸೂರು ಕಡೆಯ ಐದಾರು ಜನರ ಫೈಲು ಮೊದಲೇ ರೆಡಿ ಇಟ್ಟುಕೊಳ್ಳುತ್ತೇನೆ.

ಹೇಳದೆ ಹೋದವನ ಸಂಬಳ ಹಿಡಿದಿಟ್ಟುಕೊಂಡು "ಬಂದು ಕೇಳಲಿ" ಅನ್ನುವುದು ನಮ್ಮಲ್ಲಿ ಹಳೇ ಚಾಳಿ. ಬಿಡಿ ಅದನ್ನು. ಕೆಲಸ ಬಿಟ್ಟ ಎರಡು ಕೆಲಸದ ದಿನದೊಳಗೆ ಬಾಕಿ ಚುಕ್ತಾ ಆಗಬೇಕು ಅಂತ ವೇತನ ಸಂಹಿತೆಯಲ್ಲಿದೆ. ಗೇಟ್ ಪಾಸ್ ವಾಪಸ್ ತಗೊಳ್ಳಿ, ಪೋರ್ಟಲ್‌ನಲ್ಲಿ ಬಿಟ್ಟ ದಿನಾಂಕ ಅವತ್ತೇ ಹಾಕಿ. ಮಂಜುನಾಥನೂ ಕಳೆದ ಸಲ ನಾಟಿಗೆ ಅಂತ ಹೋದ. ಎರಡು ತಿಂಗಳಾದ ಮೇಲೆ ಅಂಗೈಯಲ್ಲಿ ಕೆಸರಿನ ಗೆರೆ ಇನ್ನೂ ಹೋಗಿರಲಿಲ್ಲ, ಆಫೀಸಿನ ಬಾಗಿಲಲ್ಲಿ ಬಂದು ನಿಂತ. ಈ ಸಲ ಅವನ ಫೈಲು ತೆರೆಯಲು ಐದು ನಿಮಿಷವೂ ಬೇಕಾಗಲಿಲ್ಲ.