ನಿತ್ಯ ಓಡಿಸುವ ಕಾರಿಗೆ ಕಾಯಿಲ್‌ಓವರ್ ಆರಿಸುವುದು ಹೇಗೆ?

ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐಯಂಥ ಚುರುಕಾದ ಕಾರನ್ನು ಇಟ್ಟುಕೊಂಡವರು, ಮೂಲ ಶಾಕ್ ಅಬ್ಸಾರ್ಬರ್‌ಗಳು ಸವೆದು ಹೋದಾಗ, ಎತ್ತರವನ್ನೂ, ಕೆಲವದರಲ್ಲಿ ಶಾಕ್ ಅಬ್ಸಾರ್ಬರಿನ ಬಿಗುವನ್ನೂ ಬೇಕಾದಂತೆ ಹೊಂದಿಸಿಕೊಳ್ಳಬಹುದಾದ ಕಾಯಿಲ್‌ಓವರ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೊತೆಯಾಗಿ ಬರುವ) ಸೆಟ್‌ಗಳತ್ತ ಕಣ್ಣು ಹಾಯಿಸುವುದು ಸಹಜ. ಅಂಗಡಿಯಲ್ಲಿ ಅವರು ಕೇಳುವ ಮೊದಲ ಪ್ರಶ್ನೆ ‘ಕಾರು ಎಷ್ಟು ಇಳಿಯುತ್ತದೆ?’ ಎಂಬುದು. ಆದರೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ದಿನವೂ ಕಚೇರಿಗೆ ಹೋಗಿಬರುವ ಕಾರಿಗೆ ಮುಖ್ಯವಾದದ್ದು ಚಕ್ರ ಮೇಲೆ ಕೆಳಗೆ ಆಡಲು ಉಳಿಯುವ ಅವಕಾಶ ಮತ್ತು ಆ ಆಟವನ್ನು ಹಿಡಿತದಲ್ಲಿಡುವ ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರ್.

ಆಯ್ಕೆಯ ಕೆಲಸ ಮನೆಯಲ್ಲೇ, ಟೇಪ್ ಹಿಡಿದು ಶುರುವಾಗಬೇಕು. ಕಾರಿನಲ್ಲಿ ನಾಲ್ವರನ್ನು ಕೂರಿಸಿ, ಡಿಕ್ಕಿಯಲ್ಲಿ ಸಾಮಾನು ಇಟ್ಟು, ಎಂಜಿನ್ ಕೆಳಗಿನ ರಕ್ಷಣಾ ತಟ್ಟೆಯಿಂದ ನೆಲಕ್ಕಿರುವ ಅಂತರವನ್ನು ಅಳೆಯಿರಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಆದರೆ ಬೆಂಗಳೂರಿನ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಹಂಪ್‌ಗಳಿಗೂ ಆ ಅಳತೆಗೂ ಸಂಬಂಧವಿರುವುದು ಅಪರೂಪ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಿಂದ ಮೇಲೇರುವ ಇಳಿಜಾರಿನ ಅಂಚು ಇನ್ನೂ ಕಠಿಣ ಪರೀಕ್ಷೆ. ನನ್ನ ಅಭಿಪ್ರಾಯದಲ್ಲಿ ಇಂಥ ಕಡೆ 20ರಿಂದ 25 ಮಿ.ಮೀ. ಇಳಿಕೆಯೇ ಧಾರಾಳ. ಇನ್ನೊಂದು ಸೂಕ್ಷ್ಮವಿದೆ: ಭಾರತದಲ್ಲಿ ಮಾರಾಟವಾದ ಪೋಲೊ ಯುರೋಪಿನದಕ್ಕಿಂತ ಎತ್ತರವಾಗಿ ನಿಲ್ಲುತ್ತದೆ. ಆದ್ದರಿಂದ ಯುರೋಪಿನ ಕಿಟ್‌ನ ಪೆಟ್ಟಿಗೆಯ ಮೇಲಿರುವ ಇಳಿಕೆಯ ಅಂಕಿಯನ್ನು ಇಲ್ಲಿನ ಕಾರಿಗೆ ನೇರವಾಗಿ ಅನ್ವಯಿಸಿಕೊಳ್ಳಬಾರದು. ಇಲ್ಲಿ ಕಾರು ಅದಕ್ಕಿಂತ ಹೆಚ್ಚೇ ಕುಸಿಯಬಹುದು.

ನಂತರ ಕೇಳಬೇಕಾದದ್ದು ಸ್ಪ್ರಿಂಗಿನ ಬಿಗುವು. ಅದನ್ನು ಒಂದು ಮಿಲಿಮೀಟರ್ ಒತ್ತಲು ಎಷ್ಟು ಕಿಲೋ ಭಾರ ಬೇಕು ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಮುಂದಿನ ಒಂದು ಚಕ್ರದ ಸ್ಪ್ರಿಂಗ್ ಸುಮಾರು 300 ಕಿಲೋ ಹೊರುತ್ತದೆ ಎಂದುಕೊಳ್ಳೋಣ. ಸ್ಟ್ರಟ್ (ಸ್ಪ್ರಿಂಗ್ ಮತ್ತು ಡ್ಯಾಂಪರ್ ಕೂಡಿದ ಮುಂದಿನ ಕಂಬ) ಸ್ವಲ್ಪ ಓರೆಯಾಗಿರುವುದರಿಂದ ಸ್ಪ್ರಿಂಗಿನ ಬಿಗುವಿನಲ್ಲಿ ಶೇ. 90ರಷ್ಟು ಮಾತ್ರ ಚಕ್ರಕ್ಕೆ ದಕ್ಕುತ್ತದೆ ಎಂದು ಹಿಡಿದರೆ, 3 ಕಿಲೋ ಸ್ಪ್ರಿಂಗಿಗೆ ಕಾರಿನ ಮುಂಭಾಗ ಸೆಕೆಂಡಿಗೆ ಸುಮಾರು 1.5 ಬಾರಿ ತೂಗುತ್ತದೆ. 5 ಕಿಲೋ ಸ್ಪ್ರಿಂಗಿಗೆ 1.9, 8 ಕಿಲೋ ಸ್ಪ್ರಿಂಗಿಗೆ 2.4 ಬಾರಿ. ಸಾಮಾನ್ಯ ಕಾರುಗಳು 1ರಿಂದ 1.5ರ ನಡುವೆ ಇರುತ್ತವೆ. 2ನ್ನು ದಾಟಿದ ಮೇಲೆ ಅದು ಟ್ರ್ಯಾಕಿನ ಲೋಕ. ಅಂದರೆ 8 ಕಿಲೋ ಸ್ಪ್ರಿಂಗಿನ ಕಿಟ್ ಅಗ್ಗವಾಗಿ ಸಿಕ್ಕರೂ, ಹೊರವರ್ತುಲ ರಸ್ತೆಯ ಪ್ರತಿ ಫ್ಲೈಓವರ್ ಸಂದು ಬೆನ್ನುಮೂಳೆಗೆ ತಟ್ಟುವುದು ಖಚಿತ. ಸ್ಪ್ರಿಂಗಿನ ಬಿಗುವು ಎಷ್ಟು ಎಂಬ ಪ್ರಶ್ನೆಗೆ ಉತ್ತರ ಹೇಳಲಾಗದ ಮಾರಾಟಗಾರನಿಂದ ಏನನ್ನೂ ಕೊಳ್ಳದಿರುವುದು ಒಳ್ಳೆಯದು.

ಎತ್ತರ ಬದಲಿಸುವ ವ್ಯವಸ್ಥೆಯಲ್ಲಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಸ್ಪ್ರಿಂಗ್ ಕೂರುವ ತಟ್ಟೆಯನ್ನೇ ಮರೆಯ (ಡ್ಯಾಂಪರಿನ ಮೈಮೇಲಿನ ತಿರುಪಿನ ಎಳೆಗಳ) ಮೇಲೆ ತಿರುಗಿಸಿ ಇಳಿಸಲಾಗುತ್ತದೆ. ಆಗ ಡ್ಯಾಂಪರಿನೊಳಗಿನ ಪಿಸ್ಟನ್ ಕೂಡ ಕೆಳಗಿಳಿದು ನಿಲ್ಲುವುದರಿಂದ, ಕಾರು 40 ಮಿ.ಮೀ. ಇಳಿದರೆ ಗುಂಡಿಯ ಹೊಡೆತ ನುಂಗಲು ಇದ್ದ ಜಾಗದಲ್ಲಿ ಹೆಚ್ಚುಕಡಿಮೆ ಅಷ್ಟೇ ಖರ್ಚಾಗಿಬಿಡುತ್ತದೆ. ಎರಡನೆಯದರಲ್ಲಿ ಡ್ಯಾಂಪರಿನ ಕೆಳಗಿನ ಹಿಡಿಕೆಯೇ ಮರೆಯ ಮೇಲೆ ಸರಿಯುವುದರಿಂದ ಪಿಸ್ಟನ್ನಿನ ಓಟ ಹಾಗೆಯೇ ಉಳಿಯುತ್ತದೆ, ಆದರೆ ಟೈರು ಮಡ್‌ಗಾರ್ಡಿಗೆ ತಾಗುವ ಅಪಾಯ ಉಳಿದೇ ಇರುತ್ತದೆ. ತಟ್ಟೆಯನ್ನು ಬಿಗಿದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ಗ್ಯಾರೇಜ್ ನಂಬಿಕೆ ಸರಿಯಲ್ಲ: ಸಮಬಿಗುವಿನ (ಎಷ್ಟು ಒತ್ತಿದರೂ ಬಿಗುವು ಬದಲಾಗದ) ಸ್ಪ್ರಿಂಗಿನ ಮೇಲೆ ಕಾರಿನ ಭಾರ ಕುಳಿತ ನಂತರ, ಬಿಗಿಯುವುದರಿಂದ ಕಾರು ಮೇಲೇಳುತ್ತದೆಯೇ ಹೊರತು ಬಿಗುವು ಹೆಚ್ಚುವುದಿಲ್ಲ. ವಿಪರೀತ ಇಳಿಸಿದರೆ ಮತ್ತೊಂದು ತೊಂದರೆ ಇದೆ. ಚಕ್ರವನ್ನು ಕಾರಿನ ತಳಕ್ಕೆ ಜೋಡಿಸುವ ಮುಂದಿನ ಕೆಳತೋಳುಗಳು ಚಕ್ರದ ಕಡೆಗೆ ಮೇಲ್ಮುಖವಾಗಿ ಓರೆಯಾಗಿ, ತಿರುವಿನಲ್ಲಿ ಕಾರು ವಾಲುವ ಪ್ರವೃತ್ತಿ ಹೆಚ್ಚುತ್ತದೆ. ನೋಟಕ್ಕೆ ಚೂಪಾದ ಕಾರು ಓಟದಲ್ಲಿ ಮೊಂಡಾಗುತ್ತದೆ.

ಡ್ಯಾಂಪರ್ ವಿಷಯದಲ್ಲಿ ಹೊಂದಿಸುವ ತಿರುಗಣೆಗಳು ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಭಾವಿಸಬೇಕಿಲ್ಲ. ಜರ್ಮನಿಯ ಕೆಡಬ್ಲ್ಯೂ ಕಂಪನಿಯ ವೇರಿಯಂಟ್ 1ರಲ್ಲಿ ಎತ್ತರವನ್ನು ಮಾತ್ರ ಬದಲಿಸಬಹುದು, ವೇರಿಯಂಟ್ 2ರಲ್ಲಿ ಸ್ಪ್ರಿಂಗ್ ಮರಳಿ ಹಿಗ್ಗುವ ವೇಗವನ್ನೂ, ವೇರಿಯಂಟ್ 3ರಲ್ಲಿ ಅದರ ಜೊತೆಗೆ ಕುಗ್ಗುವ ವೇಗವನ್ನೂ ಹಿಡಿತಕ್ಕೆ ತರಬಹುದು. ಬಿಲ್‌ಸ್ಟೈನ್‌ನ ಬಿ14ರಲ್ಲಿಯೂ ಹೊಂದಿಸಲು ಬರುವುದು ಎತ್ತರವೊಂದೇ. ಬಿ16ರಲ್ಲಿ ಹಿಗ್ಗುವಿಕೆ, ಕುಗ್ಗುವಿಕೆ ಎರಡನ್ನೂ ಒಂದೇ ತಿರುಗಣೆ ಒಟ್ಟಿಗೆ ಬದಲಿಸುತ್ತದೆ. ತನ್ನ ಸ್ಪ್ರಿಂಗಿಗೆ ಕಾರ್ಖಾನೆಯಲ್ಲೇ ಚೆನ್ನಾಗಿ ಹೊಂದಿಸಿದ ಸರಳ ಡ್ಯಾಂಪರು, 30 ಕ್ಲಿಕ್‌ಗಳ ಅಗ್ಗದ ಡ್ಯಾಂಪರಿಗಿಂತ ದಿನಬಳಕೆಗೆ ಮೇಲು ಎಂಬುದು ನನ್ನ ನಿಲುವು. ಕ್ಲಿಕ್‌ಗಳಿರುವ ಸೆಟ್ ಕೊಂಡಿದ್ದರೆ, ಪೂರ್ತಿ ಬಿಗಿದ ಸ್ಥಿತಿಯಿಂದ ಎಣಿಸಲಾರಂಭಿಸಿ, ಎಡ ಬಲ ಸಮನಾಗಿಟ್ಟು, ಒಮ್ಮೆಗೆ ಎರಡೇ ಕ್ಲಿಕ್ ಬದಲಿಸಿ, ಪರಿಚಿತವಾದ ಒಂದೇ ರಸ್ತೆಯಲ್ಲಿ ಓಡಿಸಿ ನೋಡಬೇಕು. ಉಬ್ಬು ದಾಟಿದ ಮೇಲೆ ಕಾರು ಒಂದೇ ಸಲ ಎದ್ದು ನಿಂತರೆ ಸರಿ. ಸಾಲು ಸಾಲು ಗುಂಡಿಗಳಲ್ಲಿ ಹಂತಹಂತವಾಗಿ ಕುಸಿಯುತ್ತಾ ಹೋದರೆ ಹಿಗ್ಗುವಿಕೆಯ ತಡೆ ಅತಿಯಾಗಿದೆ ಎಂದರ್ಥ.

ಸ್ಟ್ರಟ್ಟಿನ ಮೇಲ್ತುದಿಗೆ ಲೋಹದ ಬೇರಿಂಗ್ ಇರುವ ಕಿಟ್‌ಗಳು ಟ್ರ್ಯಾಕಿಗೆ ಚೆನ್ನ. ಧೂಳು, ಮಳೆನೀರು ಸೇರಿ ಅವು ಬೇಗನೆ ಕಟಕಟ ಸದ್ದು ಮಾಡುವುದರಿಂದ ನಿತ್ಯದ ಕಾರಿಗೆ ರಬ್ಬರ್ ಮೌಂಟ್ ಇರುವುದನ್ನೇ ಆರಿಸಬೇಕು. ಮಂಗಳೂರು, ಉಡುಪಿಯ ಕಡೆ ಇರುವವರು ಸ್ಟೇನ್‌ಲೆಸ್ ಸ್ಟೀಲ್ ಹೊದಿಕೆಗೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ, ಏಕೆಂದರೆ ಕಡಲಗಾಳಿಗೆ ಮರೆ ತುಕ್ಕು ಹಿಡಿದರೆ ಎತ್ತರ ಬದಲಿಸುವ ಸೌಲಭ್ಯ ಹೆಸರಿಗೆ ಮಾತ್ರ ಉಳಿಯುತ್ತದೆ. ಸೀಲ್ ಸೋರಿದಾಗ ಬಿಡಿಭಾಗ ದೇಶದಲ್ಲೇ ಸಿಗುತ್ತದೆಯೇ, ಡ್ಯಾಂಪರನ್ನು ಬಿಚ್ಚಿ ದುರಸ್ತಿ ಮಾಡಬಹುದೇ ಎಂಬುದನ್ನು ಹಣ ಕೊಡುವ ಮೊದಲೇ ಬರಹದಲ್ಲಿ ಪಡೆಯಿರಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ವಾಹನದ ಮಾರ್ಪಾಡಿಗೆ ಮಿತಿ ಹಾಕಿರುವುದರಿಂದ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದೂ, ವಿಮಾ ಕಂಪನಿಗೆ ತಿಳಿಸುವುದೂ ಅಗತ್ಯ.

ಜೋಡಣೆಯ ದಿನ ಒಂದು ವಿಷಯದ ಮೇಲೆ ಕಣ್ಣಿಡಿ. ಕೆಳತೋಳಿನ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಕಾರು ಲಿಫ್ಟಿನಲ್ಲಿ ತೂಗಾಡುತ್ತಿರುವಾಗ ಅಂತಿಮವಾಗಿ ಬಿಗಿಯಬಾರದು. ಹಾಗೆ ಬಿಗಿದರೆ, ಚಕ್ರ ನೆಲಕ್ಕೆ ಬಂದಾಗ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಭಾರವೆಲ್ಲ ಚಕ್ರಗಳ ಮೇಲೆ ಕುಳಿತ ನಂತರವೇ ಕೊನೆಯ ಬಿಗಿತ ಕೊಡಬೇಕು. ಆ ಮೇಲೆ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಂಡು, ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟಿನ ಕೋನವನ್ನೂ ಸರಿಪಡಿಸಬೇಕು. ಹೊಸ ಸ್ಪ್ರಿಂಗ್‌ಗಳು ಕೆಲವು ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಇನ್ನೂ ಸ್ವಲ್ಪ ಕೂರುವುದರಿಂದ, ಬಳಿಕ ಅದೇ ಅಳತೆಗಳನ್ನು ಮತ್ತೆ ತೆಗೆದು, ವ್ಯತ್ಯಾಸ ಕಂಡರೆ ಎತ್ತರವನ್ನು ಹೊಂದಿಸಿ ಅಲೈನ್‌ಮೆಂಟನ್ನು ಇನ್ನೊಮ್ಮೆ ಮಾಡಿಸಿರಿ.