ಮಂಜು ಕವಿದಾಗ ಮಾತ್ರ ಹಾಡುವ ಸ್ಟೀರಿಯೊ: ಹಳೆಯ ಸೆಟ್ ಮಾರುವುದು, ಕೂರಿಸುವುದು ಹೇಗೆ?

ಕಳೆದ ಸೆಪ್ಟೆಂಬರಿನಲ್ಲಿ ತೋಟದ ಜೀಪೊಂದು ನಮ್ಮ ಅಂಗಳಕ್ಕೆ ಬಂದು ನಿಂತಿತು. "ಅಣ್ಣಾ, ಮಳೆಗಾಲವಿಡೀ ಚೆನ್ನಾಗಿ ಹಾಡುತ್ತಿತ್ತು. ಬಿಸಿಲು ಬಂದ ಮೇಲೆ ಸೆಟ್ ಸತ್ತೇ ಹೋಗಿದೆ" ಎಂದ ಚಾಲಕ. ಡ್ಯಾಶ್‌ಬೋರ್ಡ್ ಬಿಚ್ಚಿ ನೋಡಿದೆ. ಸೆಟ್ಟಿನ ಕೆಂಪು ತಂತಿಯನ್ನು ಯಾರೋ ಪಾರ್ಕಿಂಗ್ ದೀಪದ ತಂತಿಗೆ ಹೊಸೆದಿದ್ದರು. ಮಡಿಕೇರಿಯ ಮಂಜಿನಲ್ಲಿ ಹಗಲೂ ದೀಪ ಹಾಕಿಯೇ ಓಡಾಡುವುದರಿಂದ ಮೂರು ತಿಂಗಳು ಯಾರಿಗೂ ಗೊತ್ತಾಗಿರಲಿಲ್ಲ. ದೀಪ ಆರಿಸುವ ಕಾಲ ಬಂದೊಡನೆ ಹಾಡೂ ನಿಂತಿತು. ಸೆಟ್ ಮಾರಿದವನನ್ನು ಚಾಲಕ ಅಷ್ಟು ಹೊತ್ತಿಗೆ ಮನಸಾರೆ ಬೈದು ಮುಗಿಸಿದ್ದ. ಪಾಪ, ಅವನ ಸೆಟ್ಟಿನಲ್ಲಿ ಏನೂ ದೋಷವಿರಲಿಲ್ಲ.

ಹಳೆಯ ಸ್ಟೀರಿಯೊ ಮಾರುವವರಿಗೆ ನಾನು ಹೇಳುವುದು ಇಷ್ಟೆ: ಕೂರಿಸುವ ಕೆಲಸವನ್ನೂ ನೀವೇ ಮಾಡಿ, ಇಲ್ಲವೇ ಎದುರಿಗೆ ನಿಂತು ಮಾಡಿಸಿ. ಕೊಡಗಿನಲ್ಲಿ ಕೊಂಡವನು ಅಪರಿಚಿತನಾಗಿರುವುದು ಅಪರೂಪ. ಮುಂದಿನ ಸಂತೆಯಲ್ಲೋ ಮದುವೆಯಲ್ಲೋ ಎದುರಾಗಿಯೇ ಆಗುತ್ತಾನೆ.

ಮಾರುವ ಮೊದಲು

ಸೆಟ್ ಕಾರಿನಲ್ಲಿರುವಾಗಲೇ ಅದರ ಸೆಟ್ಟಿಂಗ್‌ಗೆ ಹೋಗಿ ಎಲ್ಲವನ್ನೂ ಅಳಿಸಿ. ಬ್ಲೂಟೂತ್ ಸೆಟ್‌ಗಳು ಮೊಬೈಲಿನ ಹೆಸರು, ಸಂಖ್ಯೆಗಳನ್ನು ನಕಲು ಮಾಡಿಟ್ಟುಕೊಳ್ಳುತ್ತವೆ. ಕಾರಿನ ಜೊತೆಗೇ ಬಂದ ಕೆಲವು ಕಂಪನಿ ಸೆಟ್‌ಗಳು ಬ್ಯಾಟರಿ ಸಂಪರ್ಕ ತಪ್ಪಿದರೆ ಕೋಡ್ ಕೇಳುತ್ತವೆ. ಆ ಕೋಡ್ ಇರುವ ಚೀಟಿಯನ್ನು ಮೊದಲು ಹುಡುಕಿಕೊಂಡು ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಬಿಲ್ ಇದ್ದರೆ ಅದನ್ನೂ ಎತ್ತಿಡಿ. ಕಳವಿನ ಮಾಲಲ್ಲ ಎನ್ನುವುದಕ್ಕೆ ಅದೊಂದೇ ಸಾಕ್ಷಿ.

ಬ್ಯಾಟರಿಯ ಮೈನಸ್ ಕಳಚಿ, ಸೆಟ್ಟಿನ ಎರಡೂ ಬದಿಯ ಸಂದಿಗೆ ತೆಳು ಕೀಲಿ ತೂರಿಸಿ ಹೊರಗೆಳೆಯಿರಿ. ಹಿಂದಿನ ಕಪ್ಲರನ್ನು, ಅಂದರೆ ತಂತಿಗಳೆಲ್ಲ ಸೇರುವ ಪ್ಲಗ್ಗನ್ನು, ತಂತಿಸಮೇತ ಉಳಿಸಿಕೊಳ್ಳಿ. ಇಕ್ಕಳ ತೆಗೆದುಕೊಂಡು ಸೆಟ್ಟಿನ ಬುಡದಲ್ಲೇ ತಂತಿಗಳನ್ನು ಕತ್ತರಿಸುವವರಿದ್ದಾರೆ. ಸೆಟ್ಟಿನ ಅರ್ಧ ಬೆಲೆ ಅಲ್ಲೇ ಹೋಯಿತು.

ಬೆಲೆ ಹೇಳುವಾಗ ಡಬ್ಬದ ಮೇಲಿನ ವಾಟ್ ಸಂಖ್ಯೆಯನ್ನು ಹೊಗಳಬೇಡಿ. "50 ವಾಟ್ x 4" ಎಂಬುದು ಕ್ಷಣಮಾತ್ರದ ಗರಿಷ್ಠ ಅಂಕಿ. ಒಳಗಿನ ಆ್ಯಂಪ್ಲಿಫೈಯರ್ ಸತತವಾಗಿ ಕೊಡುವುದು ಚಾನೆಲ್‌ಗೆ ಹೆಚ್ಚೆಂದರೆ 20 ವಾಟ್ ಆಸುಪಾಸು. ಪಿಎಂಪಿಒ (ಜಾಹೀರಾತಿಗಾಗಿ ಉಬ್ಬಿಸಿದ ವಾಟ್ ಲೆಕ್ಕ) ಎಂದು ಸಾವಿರದ ಲೆಕ್ಕದಲ್ಲಿ ಬರೆದ ಸೆಟ್ಟನ್ನು ಕೊಳ್ಳಲೂ ಬೇಡಿ, ಮಾರಲೂ ಬೇಡಿ. ಮೂರು ವರ್ಷ ದಾಟಿದ ಸೆಟ್ಟಿಗೆ ಬಿಲ್ಲಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೇಳುವುದು ನನ್ನ ಮಟ್ಟಿಗೆ ದುರಾಸೆ.

ಕೊಳ್ಳುವವನ ಗಾಡಿ ಯಾವುದೆಂದೂ ಕೇಳಿ. ಹಲವು ಲಾರಿಗಳದ್ದು 24 ವೋಲ್ಟ್ ವ್ಯವಸ್ಥೆ. 12 ವೋಲ್ಟಿನ ಕಾರ್ ಸೆಟ್ಟನ್ನು ಅದಕ್ಕೆ ನೇರವಾಗಿ ಕೊಟ್ಟರೆ ಹಾಡಿಗೆ ಮೊದಲು ಹೊಗೆ ಬರುತ್ತದೆ. ಅಳತೆಯನ್ನೂ ನೋಡಿ. ಸಿಂಗಲ್ ಡಿನ್ ಎಂದರೆ 180 x 50 ಮಿಲಿಮೀಟರ್ ಕಿಂಡಿ, ಡಬಲ್ ಡಿನ್ ಎಂದರೆ ಎತ್ತರ ಅದರ ಎರಡರಷ್ಟು. ದೊಡ್ಡ ಕಿಂಡಿಗೆ ಸಣ್ಣ ಸೆಟ್ ಹಾಕಲು ಫ್ರೇಮ್ ಸಿಗುತ್ತದೆ. ಸಣ್ಣ ಕಿಂಡಿಯನ್ನು ಗರಗಸದಲ್ಲಿ ಕೊಯ್ದು ದೊಡ್ಡದು ಮಾಡುವವರಿಗೆ ನನ್ನ ಸೆಟ್ ಕೊಡುವುದಿಲ್ಲ.

ಬಣ್ಣ ನಂಬಿ ಕೆಟ್ಟವರು

ಇನ್ನು ಎಲ್ಲರೂ ಎಡವುವ ಜಾಗ. ಸೆಟ್ಟಿನ ಕಪ್ಲರಿನ ತಂತಿಗಳಿಗೆ ಬಹುತೇಕ ಒಂದೇ ವರ್ಣಮಾಲೆ ಇದೆ. ಹಳದಿ ಸದಾ 12 ವೋಲ್ಟ್ ಬೇಡುತ್ತದೆ, ನೆನಪು ಉಳಿಯುವುದು ಅದರಿಂದ. ಕೆಂಪು ತಂತಿ, ಗಾಡಿಯ ಕೀಲಿ ತಿರುಗಿಸಿದಾಗ ಮಾತ್ರ ಬರುವ ವಿದ್ಯುತ್ತಿಗೆ. ಕಪ್ಪು ಅರ್ತ್, ಅಂದರೆ ಗಾಡಿಯ ಕಬ್ಬಿಣಕ್ಕೆ ಸೇರುವ ಮೈನಸ್. ಕಿತ್ತಳೆ ದೀಪಕ್ಕೆ, ನೀಲಿ ಆಂಟೆನಾಕ್ಕೆ. ಸ್ಪೀಕರಿನವು ಎಂಟು: ಮುಂದಿನ ಎಡಕ್ಕೆ ಬಿಳಿ, ಮುಂದಿನ ಬಲಕ್ಕೆ ಬೂದು, ಹಿಂದಿನ ಎಡಕ್ಕೆ ಹಸಿರು, ಹಿಂದಿನ ಬಲಕ್ಕೆ ನೇರಳೆ. ಪ್ರತಿ ಬಣ್ಣಕ್ಕೂ ಕಪ್ಪು ಗೆರೆಯಿರುವ ಜೊತೆಗಾರ ತಂತಿಯೊಂದಿದೆ, ಅದು ಮೈನಸ್.

ಈ ವರ್ಣಮಾಲೆ ಸೆಟ್ಟಿನದ್ದು, ಕಾರಿನದ್ದಲ್ಲ. ಕಾರಿನ ಕಂಪನಿ ತನಗೆ ತೋಚಿದ ಬಣ್ಣ ಬಳಸಿರುತ್ತದೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂದು ಹೊಸೆಯುತ್ತ ಹೋದವರೇ ಮಂಜಿನ ಸ್ಟೀರಿಯೊ ತಯಾರಿಸುವುದು. ಹಾಗಾಗಿ ವೋಲ್ಟ್ ಅಳೆಯುವ ಮಲ್ಟಿಮೀಟರ್ ಬೇಕೇ ಬೇಕು.

ಬ್ಯಾಟರಿ ಸಂಪರ್ಕ ಮರಳಿ ಕೊಡಿ, ಕಾರಿನ ಕಪ್ಲರ್ ಬರಿದಾಗಿರಲಿ. ಮೀಟರಿನ ಕಪ್ಪು ಕಡ್ಡಿಯನ್ನು ಗಾಡಿಯ ಕಬ್ಬಿಣಕ್ಕೆ ಒತ್ತಿ, ಕೆಂಪು ಕಡ್ಡಿಯಿಂದ ಒಂದೊಂದೇ ತಂತಿ ಮುಟ್ಟಿ. ಕೀಲಿ ತೆಗೆದಾಗಲೂ 12 ಮೇಲ್ಪಟ್ಟು ತೋರಿಸುವುದು ಹಳದಿಗೆ ಸೇರಬೇಕು. ಕೀಲಿಯನ್ನು ಮೊದಲ ಹಂತಕ್ಕೆ ತಿರುಗಿಸಿದಾಗ ಜೀವ ಬರುವುದು ಕೆಂಪಿಗೆ. ಈಗ ಪಾರ್ಕಿಂಗ್ ದೀಪ ಹಾಕಿ. ಹೊಸದಾಗಿ ಎದ್ದು ಕೂರುವ ತಂತಿ ಕಿತ್ತಳೆಗೆ, ಬೇರೆಲ್ಲಿಗೂ ಅಲ್ಲ. ಪ್ರತಿಯೊಂದಕ್ಕೂ ಕಾಗದದ ಚೀಟಿ ಅಂಟಿಸಿ ಮತ್ತೆ ಬ್ಯಾಟರಿ ಕಳಚಿ. ಹಳದಿಯನ್ನೂ ಕೆಂಪನ್ನೂ ಒಟ್ಟಿಗೆ ಸದಾ ವಿದ್ಯುತ್ತಿರುವ ತಂತಿಗೆ ಕೊಡುವುದು ಸೋಮಾರಿಗಳ ಉಪಾಯ. ಸೆಟ್ ಪೂರ್ತಿ ಮಲಗುವುದೇ ಇಲ್ಲ. ಮಳೆಯಲ್ಲಿ ಎರಡು ವಾರ ಶೆಡ್ಡಿನಲ್ಲಿ ನಿಂತ ಗಾಡಿಯನ್ನು ಆಮೇಲೆ ತಳ್ಳಿಯೇ ಚಾಲೂ ಮಾಡಬೇಕು.

ಸ್ಪೀಕರ್ ತಂತಿಗಳನ್ನು ಹುಡುಕಲು ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಸಾಕು. ಜೋಡಿ ತಂತಿಗೆ ಕ್ಷಣಕಾಲ ಸೋಕಿಸಿ, ಯಾವ ಬಾಗಿಲಲ್ಲಿ 'ಟಪ್' ಎನ್ನುತ್ತದೆ ಕೇಳಿ. ಸ್ಪೀಕರಿನ ಕಾಗದ ಹೊರಕ್ಕೆ ಉಬ್ಬಿದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಸ್ಪೀಕರಿನ ಪ್ಲಸ್. ಒಂದು ಸ್ಪೀಕರ್ ಉಲ್ಟಾ ಆದರೂ ಬೇಸ್ (ತಗ್ಗು ಸ್ವರ) ಸೊರಗುತ್ತದೆ.

ಸ್ಪೀಕರಿನ ಮೈನಸ್ಸನ್ನು ಯಾವ ಕಾರಣಕ್ಕೂ ಗಾಡಿಯ ಮೈಗೆ ಅರ್ತ್ ಮಾಡಬೇಡಿ. ಈಗಿನ ಸೆಟ್‌ಗಳಲ್ಲಿ ಪ್ಲಸ್, ಮೈನಸ್ ಎರಡರ ಮೇಲೂ ಸುಮಾರು 6 ವೋಲ್ಟ್ ನಿಂತಿರುತ್ತದೆ. ಅರ್ತ್ ಸೋಕಿದರೆ ಒಳಗಿನ ಆ್ಯಂಪ್ಲಿಫೈಯರಿನ ಐಸಿ (ಚಿಪ್) ಕೆಡಬಹುದು. ಹಳೆಯ ಸೆಟ್ ಕೊಳ್ಳುವವರಿಗೆ ಇದೇ ಪರೀಕ್ಷೆಯೂ ಹೌದು: ಸ್ಪೀಕರ್ ಕಳಚಿ, ಸೆಟ್ ಚಾಲೂ ಮಾಡಿ, ಧ್ವನಿ ಸೊನ್ನೆಗಿಳಿಸಿ, ಒಂದೇ ಜೋಡಿಯ ಪ್ಲಸ್-ಮೈನಸ್ ನಡುವೆ ಡಿಸಿ ವೋಲ್ಟ್ ಅಳೆಯಿರಿ. ಹೆಚ್ಚುಕಡಿಮೆ ಸೊನ್ನೆ ಇರಬೇಕು. ಒಂದೆರಡು ವೋಲ್ಟ್ ಕಂಡರೆ ಆ ಚಾನೆಲ್ ಹೋಗಿದೆ, ನಮಸ್ಕಾರ ಹೇಳಿ ಎದ್ದುಬನ್ನಿ.

ನಮ್ಮ ಮಳೆಗೆ ತಡೆಯುವ ಜೋಡಣೆ

ಹೊಸೆದು ಟೇಪ್ ಸುತ್ತುವುದು ಬಯಲುಸೀಮೆಯಲ್ಲಿ ನಡೆದೀತು. ಇಲ್ಲಿ ನಾನು ಬಿಚ್ಚಿದ ಇಂಥ ಜೋಡಣೆಗಳ ಒಳಗೆ ಟೇಪಿನ ಅಂಟು ಬೆಲ್ಲದ ಪಾಕದಂತೆ ಕರಗಿ, ತಾಮ್ರ ಹಸಿರಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ತಂತಿಯನ್ನು ಕಚ್ಚಿ ಹಿಡಿಯುವ ಕೆಂಪು, ನೀಲಿ ಪ್ಲಾಸ್ಟಿಕ್ ಕ್ಲಿಪ್ಪುಗಳು ಅದಕ್ಕಿಂತ ಕೆಟ್ಟವು. ಅಂಗಡಿಯವನು ಉಚಿತವಾಗಿ ಕೊಟ್ಟರೂ ಬೇಡವೆನ್ನಿ. ಅಗ್ಗದ ತಂತಿಯ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ.

ನನ್ನ ಆಯ್ಕೆ ಬೆಸುಗೆ ಮತ್ತು ಬಿಸಿಗೆ ಕುಗ್ಗುವ ಸ್ಲೀವ್. ಮೊದಲು ಸ್ಲೀವನ್ನು ತಂತಿಗೆ ಏರಿಸಿ ದೂರ ಸರಿಸಿ. ಇದನ್ನು ಮರೆತು ಬೆಸುಗೆ ಹಾಕಿ, ಮತ್ತೆ ಕತ್ತರಿಸಿದ ಲೆಕ್ಕ ನನ್ನ ಖಾತೆಯಲ್ಲೇ ಸಾಕಷ್ಟಿದೆ. ಎರಡೂ ತಂತಿಗಳ ತುದಿಯನ್ನು ಒಂದೂವರೆ ಸೆಂಟಿಮೀಟರ್ ಸುಲಿದು, ಎದುರುಬದುರಾಗಿಟ್ಟು ಎಳೆಗಳನ್ನು ಹೆಣೆಯಿರಿ. ಕಾಯಿಸಬೇಕಾದದ್ದು ತಂತಿಯನ್ನು, ಬೆಸುಗೆ ಸೀಸವನ್ನಲ್ಲ. ತಂತಿ ಕಾದರೆ ಸೀಸ ತಾನಾಗಿ ಎಳೆಗಳೊಳಗೆ ಇಳಿಯುತ್ತದೆ; ಮೇಲೆ ಗುಂಡಗೆ ಕುಳಿತರೆ ಅದು ತಣ್ಣನೆಯ ಬೆಸುಗೆ, ರಸ್ತೆಯ ಮೊದಲ ಗುಂಡಿಗೇ ಬಿಟ್ಟುಕೊಳ್ಳುತ್ತದೆ. ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸ್ ಆಸಿಡ್ಡಿನದ್ದು ಬೇಡ, ರೋಸಿನ್ನಿನದ್ದೇ (ರಾಳದ್ದೇ) ಇರಲಿ. ಎಲ್ಲ ಬೆಸುಗೆಗಳೂ ಒಂದೇ ಕಡೆ ಗುಂಪಾಗದಂತೆ ಒಂದೊಂದು ತಂತಿಯನ್ನು ಒಂದೊಂದು ಉದ್ದಕ್ಕೆ ಕತ್ತರಿಸಿ. ಬೆಸುಗೆಯ ಅಂಚಿನಲ್ಲಿ ತಂತಿ ಬಾಗಿ ಬಾಗಿ ತುಂಡಾಗುತ್ತದೆ. ಹಾಗಾಗದಂತೆ ಇಡೀ ಕಟ್ಟನ್ನು ಬಟ್ಟೆಯ ಟೇಪಿನಿಂದ ಸುತ್ತಿ ಒಳಗಿನ ಕಂಬಿಗೆ ಬಿಗಿಯಿರಿ.

ಕಪ್ಪು ತಂತಿಯನ್ನು ಬಣ್ಣ ಬಳಿದ ಸ್ಕ್ರೂವಿಗೆ ಸಿಕ್ಕಿಸಿ ಕೈತೊಳೆಯಬೇಡಿ. ಬಣ್ಣ ಕೆರೆದು, ತಿಗಣೆ ನುಸುಳುವಷ್ಟೂ ಸಂದಿಲ್ಲದಂತೆ ಬಿಗಿಯಿರಿ. ಜೋರಾಗಿ ಹಾಡುವಾಗ ಸೆಟ್ಟಿನ ಮೈಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅರ್ಧ ವೋಲ್ಟ್ ತೋರಿಸಿದರೆ ಅರ್ತ್ ಸಾಲದು. ಎಕ್ಸಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ಜೀರುಂಡೆ ಕೂಗುವುದಕ್ಕೂ ಬಹುಪಾಲು ಇದೇ ಕಾರಣ. ಫ್ಯೂಸ್ ಸೆಟ್ಟಿನ ಹಿಂದೆ ಬರೆದಷ್ಟೇ ಇರಲಿ, ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್. ಸುಟ್ಟರೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತುವವರ ಕಾರಿನ ಪಕ್ಕ ನಾನು ನನ್ನ ಕಾರು ನಿಲ್ಲಿಸುವುದಿಲ್ಲ.

ಕೊನೆಯ ಪರೀಕ್ಷೆ

ಡ್ಯಾಶ್‌ಬೋರ್ಡ್ ಮುಚ್ಚುವ ಮೊದಲೇ ಹಾಡಿಸಿ ನೋಡಿ. ದೀಪ ಹಾಕಿ, ಆರಿಸಿ, ಹಾರ್ನ್ ಒತ್ತಿ, ವೈಪರ್ ತಿರುಗಿಸಿ. ಯಾವುದಕ್ಕೂ ಹಾಡು ತೊದಲಬಾರದು. ಕೀಲಿ ತೆಗೆದು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿದಾಗ ಗಡಿಯಾರವೂ ಸ್ಟೇಷನ್ನುಗಳೂ ಇದ್ದಲ್ಲೇ ಇರಬೇಕು. ರೇಡಿಯೊದಲ್ಲಿ 103.1ಕ್ಕೆ ತಿರುಗಿಸಿ. ಪಟ್ಟಣದಲ್ಲೇ ನಿಂತು ಮಡಿಕೇರಿ ಆಕಾಶವಾಣಿ ಗೊರಗೊರ ಎಂದರೆ ನೀಲಿ ತಂತಿ ಕೊಡಲು ಮರೆತಿದ್ದೀರಿ, ಇಲ್ಲವೇ ಆಂಟೆನಾದ ಪಿನ್ ಪೂರ್ತಿ ಕೂತಿಲ್ಲ. ಸಂಪಾಜೆ ಘಾಟಿಯ ತಿರುವಿನಲ್ಲಿ ಸ್ಟೇಷನ್ ಮಾಯವಾದರೆ ಮಾತ್ರ ಸೆಟ್ಟನ್ನು ಬೈಯಬೇಡಿ. ಅದು ಬೆಟ್ಟ ಅಡ್ಡ ಬಂದದ್ದು.

ಆಮೇಲೆ ಕೊಂಡವನನ್ನೇ ಚಾಲಕನ ಸೀಟಿನಲ್ಲಿ ಕೂರಿಸಿ, ಕಾಫಿ ತೋಟದೊಳಗಿನ ಕಲ್ಲು ರಸ್ತೆಯಲ್ಲಿ ಒಂದು ಸುತ್ತು ಹೋಗಿಬನ್ನಿ. ಹಾಡು ನಿಲ್ಲದೆ ಗೇಟಿಗೆ ಮರಳಿದರೆ ಬಿಲ್, ಸೆಟ್ ಹೊರಗೆಳೆಯುವ ಕೀಲಿ, ಕೋಡಿನ ಚೀಟಿ ಕೊಟ್ಟು ಹಣ ಎಣಿಸಿಕೊಳ್ಳಿ.