ಅಕ್ವೇರಿಯಂ ಬಿಟ್ಟುಕೊಡುವ ಮುನ್ನ: ಗಾಜು ಆಮೇಲೆ, ಮೊದಲು ನೀರು

ಮನೆ ಬದಲಾಯಿಸುವವರ ಪಟ್ಟಿಯಲ್ಲಿ ಅಕ್ವೇರಿಯಂ ಯಾವಾಗಲೂ ಕೊನೆಗೇ ಬರುತ್ತದೆ. ಬೀರು, ಮಂಚ, ಫ್ರಿಜ್ ಎಲ್ಲ ಲಾರಿ ಏರುವ ಹಿಂದಿನ ದಿನ ‘ಅಯ್ಯೋ, ಮೀನೇನು ಮಾಡೋದು’ ಎಂದು ಹೊಳೆಯುತ್ತದೆ. ಅಲ್ಲಿಂದ ಮುಂದಿನದು ಎಲ್ಲರ ಮನೆಯಲ್ಲೂ ಒಂದೇ ಥರ. ನೀರು ಚೆಲ್ಲಿ, ಗಾಜಿಗೆ ಸೋಪು ಹಾಕಿ ತಿಕ್ಕಿ, ಜಲ್ಲಿಯನ್ನು ನಲ್ಲಿಯಡಿ ತೊಳೆದು, ಫಿಲ್ಟರಿನ ಸ್ಪಂಜನ್ನು ಕಪ್ಪು ಹೋಗುವ ತನಕ ಹಿಂಡಿ, ಮೀನುಗಳನ್ನೆಲ್ಲ ಒಂದೇ ಕವರಿಗೆ ತುಂಬಿ ಪರಿಚಯದವರೊಬ್ಬರಿಗೆ ಕೊಟ್ಟು ಬರುತ್ತಾರೆ. ಕೊಳಕು ಸಾಮಾನು ಕೊಡಬಾರದೆಂಬ ಮರ್ಯಾದೆ ಅದು. ವಾರ ಕಳೆಯುವಷ್ಟರಲ್ಲಿ ಮೀನುಗಳು ಒಂದೊಂದಾಗಿ ತೇಲತೊಡಗುತ್ತವೆ. ತೆಗೆದುಕೊಂಡವರು ತಮ್ಮ ಕೈಗುಣ ಸರಿಯಿಲ್ಲ ಎಂದುಕೊಳ್ಳುತ್ತಾರೆ, ಕೊಟ್ಟವರು ‘ಅವರಿಗೆ ಸಾಕೋಕೆ ಬರಲ್ಲ’ ಎನ್ನುತ್ತಾರೆ. ಇಬ್ಬರ ಲೆಕ್ಕವೂ ತಪ್ಪು. ಮೀನನ್ನು ಕೊಂದದ್ದು ಆ ಶುಚಿತ್ವ.

1. ಆರು ವಾರ ಮೊದಲೇ ಶುರು ಮಾಡಿ

ಮನೆ ಬಿಡುವ ದಿನಾಂಕ ಗೊತ್ತಾದ ಕೂಡಲೇ ಹೊಸ ಮೀನು, ಹೊಸ ಗಿಡ ತರುವುದನ್ನು ನಿಲ್ಲಿಸಿ. ಕಾಯಿಲೆ ಬಿದ್ದ ಮೀನಿದ್ದರೆ ಈಗಲೇ ಚಿಕಿತ್ಸೆ ಮಾಡಿಸಿ. ವಾಸಿಯಾಗದ್ದನ್ನು ಬೇರೆಯವರ ತೊಟ್ಟಿಗೆ ದಾಟಿಸಬೇಡಿ.

2. ಯಾರಿಗೆ ಕೊಡುವುದು

‘ನಿಮಗೆ ಮೀನು ಇಷ್ಟಾನಾ?’ ಎಂದು ಕೇಳಿ ಪ್ರಯೋಜನವಿಲ್ಲ. ಇಷ್ಟ ಎಲ್ಲರಿಗೂ ಇರುತ್ತದೆ. ಕೇಳಬೇಕಾದದ್ದು ತೊಟ್ಟಿ ಎಷ್ಟು ಲೀಟರಿನದು, ಎಷ್ಟು ತಿಂಗಳಿಂದ ನಡೆಯುತ್ತಿದೆ, ಅದರಲ್ಲಿ ಈಗ ಏನೇನಿದೆ ಎಂದು. ನಿಯಾನ್ ಟೆಟ್ರಾದಂಥ ಗುಂಪಿನ ಮೀನುಗಳನ್ನು ಇಬ್ಬರು ಮೂವರಿಗೆ ಹಂಚಬೇಡಿ, ಆರಕ್ಕಿಂತ ಕಡಿಮೆಯಾದರೆ ಅವು ಮೂಲೆ ಸೇರುತ್ತವೆ. ಸಣ್ಣ ಮೀನನ್ನು ನುಂಗುವ ಆಸ್ಕರ್, ಫ್ಲವರ್ ಹಾರ್ನ್ ಇದ್ದರೆ ಗಪ್ಪಿ ಸಾಕಿದವರ ಕಡೆ ನೋಡಲೇಬೇಡಿ. ಗೋಲ್ಡ್ ಫಿಶ್ ಹತ್ತು ವರ್ಷಕ್ಕೂ ಮೇಲೆ ಬದುಕುವ ಮೀನು. ‘ಪಾಚಿ ತಿನ್ನುತ್ತೆ’ ಎಂದು ಬೆರಳುದ್ದದಲ್ಲಿ ತಂದ ಸಕ್ಕರ್ ಫಿಶ್ ಒಂದಡಿ ಮೀರಿ ಬೆಳೆಯುತ್ತದೆ. ಇವನ್ನು ಬಾಯಿಬಿಟ್ಟು ಹೇಳಿಯೇ ಕೊಡಿ. ಮಕ್ಕಳ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಡುವ ಯೋಚನೆಯಂತೂ ಬೇಡವೇ ಬೇಡ. ಒಪ್ಪುವ ಮನೆ ಸಿಗದಿದ್ದರೆ ಮೀನಿನ ಅಂಗಡಿಯವರನ್ನು ಕೇಳಿ. ದುಡ್ಡು ಕೊಡದಿದ್ದರೂ ಮೀನನ್ನು ವಾಪಸು ತೆಗೆದುಕೊಳ್ಳುವವರು ಇರುತ್ತಾರೆ.

ಯಾರೂ ಸಿಗಲಿಲ್ಲವೆಂದು ಕೆರೆಗೋ ಹೊಳೆಗೋ ಬಾವಿಗೋ ಬಿಡುವುದು ಪುಣ್ಯದ ಕೆಲಸವಲ್ಲ. ದಕ್ಷಿಣ ಅಮೆರಿಕದ ಸಕ್ಕರ್ ಫಿಶ್ ಇಂದು ಹಲವು ದೇಶಗಳ ಕೆರೆ-ನದಿಗಳ ದಂಡೆ ಕೊರೆಯುತ್ತಿರುವುದು ಹೀಗೆ ಬಿಟ್ಟವರಿಂದಲೂ ಹೌದು. ಇಂಡೋ-ಪೆಸಿಫಿಕ್ ಸಾಗರದ ಲಯನ್ ಫಿಶ್ 1985ರಲ್ಲಿ ಫ್ಲಾರಿಡಾದ ಕಡಲಲ್ಲಿ ಕಾಣಿಸಿಕೊಂಡಿತು. ಈಗ ಕೆರಿಬಿಯನ್ ತುಂಬ ಅದೇ ಇದೆ. ಗಿಡಗಳಿಗೂ ಇದೇ ಮಾತು. ಬೇಡವಾದವನ್ನು ಬಿಸಿಲಿಗೆ ಹರವಿ, ಪೂರ್ತಿ ಒಣಗಿದ ಮೇಲೆ ಕಸಕ್ಕೆ ಹಾಕಿ.

3. ಎರಡು ನೀರನ್ನು ಒಂದು ಮಾಡುವುದು

ಎಲ್ಲರೂ ಎಡವುವುದು ಇಲ್ಲೇ. ಉಳಿದದ್ದರಲ್ಲಿ ಒಂದೆರಡು ತಪ್ಪಿದರೂ ಮೀನು ತಡೆದುಕೊಂಡೀತು, ಇದೊಂದನ್ನು ಸಾವಧಾನವಾಗಿ ಮಾಡಿ.

ಮೂರ್ನಾಲ್ಕು ವರ್ಷದ ತೊಟ್ಟಿಯ ನೀರು ನಲ್ಲಿಯ ನೀರಾಗಿ ಉಳಿದಿರುವುದಿಲ್ಲ. ಆವಿಯಾದಷ್ಟನ್ನು ಮಾತ್ರ ಮೇಲಿಂದ ತುಂಬುತ್ತ ಬಂದಿದ್ದರೆ ಲವಣಗಳು ಕೂಡುತ್ತ ಹೋಗಿರುತ್ತವೆ, ಮೀನಿನ ಕಶ್ಮಲದಿಂದ ಕೊನೆಗೆ ಉಳಿಯುವ ನೈಟ್ರೇಟ್ ಏರಿರುತ್ತದೆ. ಆಮ್ಲವನ್ನು ತಡೆಯುವ ಕಾರ್ಬೊನೇಟ್ ಖರ್ಚಾಗಿಹೋಗಿ ಪಿಎಚ್ (ನೀರಿನ ಆಮ್ಲೀಯತೆಯ ಅಳತೆ, 7ಕ್ಕಿಂತ ಕೆಳಗಾದಷ್ಟೂ ಆಮ್ಲ ಹೆಚ್ಚು) 6ರ ಹತ್ತಿರಕ್ಕೋ ಅದಕ್ಕೂ ಕೆಳಕ್ಕೋ ಇಳಿದಿರುತ್ತದೆ. ಈ ಇಳಿತ ಎಷ್ಟು ನಿಧಾನವೆಂದರೆ ನಿಮ್ಮ ಮೀನುಗಳು ಅದರ ಜೊತೆಜೊತೆಗೇ ಒಗ್ಗಿಕೊಂಡು ಬಂದಿರುತ್ತವೆ. ಹೊಸದಾಗಿ ತಂದ ಮೀನು ಎರಡೇ ದಿನದಲ್ಲಿ ಸಾಯುತ್ತದೆ, ಹಳೆಯವು ಆರಾಮಾಗಿರುತ್ತವೆ ಎಂದಾದರೆ ನಿಮ್ಮದು ಇಂಥ ತೊಟ್ಟಿಯೇ. ಅಲ್ಲಿಯ ಮೀನನ್ನು ಒಳ್ಳೆಯ, ತಾಜಾ ನೀರಿಗೆ ಹಾಕಿದರೆ ಆ ಒಳ್ಳೆಯ ನೀರೇ ಅದಕ್ಕೆ ಮುಳುವಾಗುತ್ತದೆ.

ಹಾಗೆಂದು ಒಂದೇ ದಿನ ಅರ್ಧ ತೊಟ್ಟಿ ನೀರು ಬದಲಾಯಿಸಿದರೆ ಇನ್ನೂ ಕೆಟ್ಟದ್ದು. ಮೀನಿನ ಕಶ್ಮಲದಿಂದ ಬರುವ ಅಮೋನಿಯಾ ಆಮ್ಲೀಯ ನೀರಿನಲ್ಲಿ ಅಮೋನಿಯಂ ಆಗಿ, ಹೆಚ್ಚು ಕೇಡು ಮಾಡದೆ ಕೂತಿರುತ್ತದೆ. ಪಿಎಚ್ ಒಂದು ಅಂಕ ಏರಿತೆಂದರೆ ಅದರಲ್ಲಿ ವಿಷವಾಗುವ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಬೆಳಿಗ್ಗೆ ನೀರು ಬದಲಿಸಿ ಸಂಜೆಗೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ ಎನ್ನುವವರ ಮನೆಯಲ್ಲಿ ಆದದ್ದು ಇದು.

ಹಾಗಾಗಿ ಸ್ವಲ್ಪ ಸ್ವಲ್ಪವಾಗಿ ಮಾಡಿ. ಮೊದಲೆರಡು ವಾರ ಮೂರು ದಿನಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ತೆಗೆದು ಹೊಸದು ಹಾಕಿ. ಆಮೇಲೆ ಅದನ್ನು ಏಳರಲ್ಲೊಂದು ಪಾಲಿಗೆ ಏರಿಸಬಹುದು. ಪ್ರತಿ ಸಲವೂ ಮರುದಿನ ಪಿಎಚ್ ನೋಡಿ. ಮೀನು ಮಂಕಾಗಿದ್ದರೆ ಒಂದು ಸರದಿ ಬಿಟ್ಟುಬಿಡಿ. ಹೊಸ ನೀರಿನ ಕ್ಲೋರಿನ್ ಹೋಗಲು ಬಕೆಟಿನಲ್ಲಿ ಒಂದು ದಿನ ಇಟ್ಟರೆ ಸಾಕು ಎನ್ನುವ ಮಾತಿದೆ. ಕ್ಲೋರಿನ್ ಮಟ್ಟಿಗೆ ಅದು ನಿಜ. ಸರಬರಾಜಿನ ನೀರಿಗೆ ಕ್ಲೋರಮೈನ್, ಅಂದರೆ ಅಮೋನಿಯಾ ಜೊತೆ ಕೂಡಿದ ಕ್ಲೋರಿನ್, ಬೆರೆಸಿದ್ದರೆ ಅದು ಹಾಗೆ ಹಾರಿಹೋಗುವುದಿಲ್ಲ, ಅದಕ್ಕೆ ಕ್ಲೋರಿನ್ ತೆಗೆಯುವ ದ್ರಾವಣ ಬೇಕೇ ಬೇಕು.

ನಾಲ್ಕನೇ ವಾರಕ್ಕೆ, ಮೀನು ಪಡೆಯುವವರ ತೊಟ್ಟಿಯಿಂದ ಒಂದು ಬಾಟಲಿ ನೀರು ತರಿಸಿಕೊಳ್ಳಿ. ನಿಮ್ಮ ನೀರು, ಅವರ ನೀರು ಎರಡನ್ನೂ ಒಂದೇ ದಿನ, ಒಂದೇ ಕಿಟ್‌ನಲ್ಲಿ ಪರೀಕ್ಷಿಸಿ. ಕಾಗದದ ಪಟ್ಟಿ ಅದ್ದಿ ಬಣ್ಣ ನೋಡುವ ಕಿಟ್ ನನಗೆ ಸೇರದು. ತೇವ ತಾಗಿ ಕೆಟ್ಟಿದ್ದರೂ ಏನೋ ಒಂದು ಬಣ್ಣ ತೋರಿಸಿಬಿಡುತ್ತದೆ. ಹನಿ ಹಾಕಿ ನೋಡುವ ಕಿಟ್ಟನ್ನೇ ಕೊಳ್ಳಿ. ನಿಮ್ಮದು ಮೆದು ನೀರು, ಅವರದು ಬೋರ್‌ವೆಲ್ಲಿನ ಗಡಸು ನೀರು ಎಂದು ಗೊತ್ತಾದರೆ ಕೊನೆಯ ಎರಡು ವಾರದ ಬದಲಾವಣೆಗೆ ಅವರ ಮನೆಯ ನೀರನ್ನೇ ಕ್ಯಾನಿನಲ್ಲಿ ತಂದು ಬಳಸಿ. ಕ್ಯಾನು ಹೊರುವುದು ಬೇಜಾರಿನ ಕೆಲಸ, ಒಪ್ಪುತ್ತೇನೆ. ಅಷ್ಟೂ ಮಾಡಲಾಗದವರು ಪಿಎಚ್ ಏರಿಸುವ, ಇಳಿಸುವ ಸೀಸೆಗಳ ಹಿಂದೆ ಬೀಳುತ್ತಾರೆ. ಅವುಗಳಿಂದ ಪಿಎಚ್ ಇಂದು ಏರಿ ನಾಳೆ ಇಳಿಯುತ್ತದೆ, ಮೀನಿಗೆ ಆ ಉಯ್ಯಾಲೆಗಿಂತ ಪಿಎಚ್ ಒಂದೇ ಕಡೆ ನಿಂತ ನೀರೇ ವಾಸಿ.

4. ಸ್ಪಂಜು ತೊಳೆಯಬೇಡಿ

ಅಮೋನಿಯಾವನ್ನು ನೈಟ್ರೈಟ್ ಮಾಡುವ, ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಸ್ಪಂಜು, ಜಲ್ಲಿ, ಕಲ್ಲುಗಳಿಗೆ ಅಂಟಿಕೊಂಡಿರುತ್ತವೆ. ನೀರಿನಲ್ಲಿ ತೇಲುವವು ತೀರಾ ಕಡಿಮೆ. ಹಳೆಯ ನೀರನ್ನು ಡ್ರಮ್ಮುಗಟ್ಟಲೆ ಹೊತ್ತು ಸಾಗಿಸಿ ಸ್ಪಂಜನ್ನು ನಲ್ಲಿಯಡಿ ತೊಳೆಯುವವರು ತಲೆಕೆಳಗಾಗಿ ಕೆಲಸ ಮಾಡುತ್ತಿರುತ್ತಾರೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು.

ಈ ಕಾಯುವಿಕೆಯನ್ನು ತಪ್ಪಿಸುವ ಉಪಾಯವೊಂದಿದೆ, ಅದಕ್ಕೆ ಕಾಸೂ ಖರ್ಚಿಲ್ಲ. ಮೀನು ಪಡೆಯುವವರ ಸ್ಪಂಜ್ ಫಿಲ್ಟರನ್ನು ಒಂದು ತಿಂಗಳು ಮೊದಲೇ ತಂದು ನಿಮ್ಮ ತೊಟ್ಟಿಯಲ್ಲಿ, ನಿಮ್ಮ ಫಿಲ್ಟರಿನ ಪಕ್ಕದಲ್ಲೇ ಓಡಿಸಿ. ಮೀನು ಹೋಗುವ ದಿನ ಅದೂ ಜೊತೆಗೆ ಹೋಗಲಿ. ತೊಟ್ಟಿ ಸಮೇತ ಕೊಡುತ್ತಿದ್ದರೆ ನಿಮ್ಮ ಫಿಲ್ಟರ್ ಇದ್ದಂತೆಯೇ ಹೋಗಲಿ, ಕಪ್ಪಾಗಿ, ಜಿಡ್ಡಾಗಿ. ತೀರಾ ಕಟ್ಟಿಕೊಂಡಿದ್ದರೆ ಎರಡು ವಾರ ಮೊದಲು, ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಒಂದೆರಡು ಸಲ ಮೆಲ್ಲಗೆ ಹಿಂಡಿ, ಅಷ್ಟೇ.

ಸಾಗಿಸುವಾಗ ಈ ಬ್ಯಾಕ್ಟೀರಿಯಾಗಳಿಗೂ ಉಸಿರು ಬೇಕು. ತೊಟ್ಟಿಯ ಹೊರಗಿಡುವ, ಡಬ್ಬದಂತೆ ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರನ್ನು ಹಾಗೇ ಕಾರಿನ ಡಿಕ್ಕಿಗೆ ಹಾಕಿ ದಿನವಿಡೀ ಬಿಟ್ಟರೆ ಒಳಗಿನ ಆಮ್ಲಜನಕ ಮುಗಿದು ಅವು ಸಾಯತೊಡಗುತ್ತವೆ. ಅದನ್ನು ಅಲ್ಲಿ ಚಾಲೂ ಮಾಡಿದರೆ ಕೊಳೆತದ್ದೆಲ್ಲ ಮೀನಿನ ಮೈಮೇಲೆ. ಒಳಗಿನ ಸ್ಪಂಜು, ಸೆರಾಮಿಕ್ ಉಂಗುರಗಳನ್ನು ತೆಗೆದು ತೆರೆದ ಬಕೆಟಿನಲ್ಲಿ, ಮುಳುಗುವಷ್ಟೇ ತೊಟ್ಟಿ ನೀರಿನಲ್ಲಿ ಇಟ್ಟು, ಬ್ಯಾಟರಿಯ ಏರ್ ಪಂಪಿನಿಂದ ಗಾಳಿ ಬಿಡಿ.

ಸಿದ್ಧ ಬ್ಯಾಕ್ಟೀರಿಯಾ ಎಂದು ಸೀಸೆಗಳಲ್ಲಿ ಮಾರುತ್ತಾರೆ. ಸೆಕೆಯಲ್ಲಿ ತಿಂಗಳುಗಟ್ಟಲೆ ಅಂಗಡಿಯ ಕಪಾಟಿನಲ್ಲಿ ಕೂತ ಸೀಸೆಯೊಳಗೆ ಜೀವ ಎಷ್ಟು ಉಳಿದಿರುತ್ತದೋ ಹೇಳಲಾಗದು, ಅದೊಂದನ್ನೇ ನಂಬಿ ಮೀನು ಬಿಡಬೇಡಿ. ನೀರು ತಿಳಿಯಾಗಿಸುವ ದ್ರವ ಕಣ್ಣಿಗಷ್ಟೇ, ಅಮೋನಿಯಾ ಇದ್ದಲ್ಲೇ ಇರುತ್ತದೆ. ‘ಯಾವುದಕ್ಕೂ ಇರಲಿ’ ಎಂದು ಸುರಿಯುವ ನೀಲಿ ಔಷಧಿ, ಅಂದರೆ ಮೆಥಿಲೀನ್ ಬ್ಲೂ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೇ ಕೊಲ್ಲಬಲ್ಲದು. ಹೊರಡುವ ವಾರ ಆ ಸೀಸೆಯನ್ನು ಕೈಗೆ ಸಿಗದ ಕಡೆ ಇಡಿ.

5. ಹಿಡಿಯುವುದು, ಕವರಿಗೆ ತುಂಬುವುದು

ಸಣ್ಣ ಮೀನಿಗೆ ಒಂದು ದಿನ, ದೊಡ್ಡದಕ್ಕೆ ಎರಡು ದಿನ ಮೊದಲು ಆಹಾರ ನಿಲ್ಲಿಸಿ. ಹೊಟ್ಟೆ ಖಾಲಿಯಿದ್ದರೆ ಕವರಿನ ನೀರು ಕೆಡದು. ಹೀಟರಿನ ಪ್ಲಗ್ಗನ್ನು ಅರ್ಧ ಗಂಟೆ ಮೊದಲೇ ಕಿತ್ತಿಡಿ, ಬಿಸಿಯಿರುವಾಗ ನೀರಿನಿಂದ ಹೊರಬಂದರೆ ಅದರ ಗಾಜು ಒಡೆಯುತ್ತದೆ. ಲೈಟು ಆರಿಸಿ, ದೊಡ್ಡ ಕಲ್ಲು, ಗಿಡ ತೆಗೆದು, ನೀರನ್ನು ಮೂರನೇ ಒಂದಕ್ಕೆ ಇಳಿಸಿ. ಜಲ್ಲಿಯನ್ನು ಮಾತ್ರ ಮೀನು ಹೊರಗೆ ಬರುವ ತನಕ ಕೆದಕಬೇಡಿ. ದಪ್ಪ ಮರಳಿನ ತಳದಲ್ಲಿ ಕೊಳೆತ ಮೊಟ್ಟೆ ವಾಸನೆಯ ಹೈಡ್ರೊಜನ್ ಸಲ್ಫೈಡ್ ಇರಬಹುದು, ಅದು ಮೀನಿಗೆ ವಿಷ.

ಎರಡು ಬಲೆ ಇರಲಿ. ಒಂದನ್ನು ಮೂಲೆಯಲ್ಲಿ ಅಲ್ಲಾಡದಂತೆ ಹಿಡಿದು ಇನ್ನೊಂದರಿಂದ ಮೀನನ್ನು ಅತ್ತ ಓಡಿಸಿ. ಒಂದೇ ಬಲೆ ಹಿಡಿದು ತೊಟ್ಟಿ ತುಂಬ ಅಟ್ಟಾಡಿಸುವುದನ್ನು ನೋಡಿದರೆ ನನಗೆ ಕೈ ತುರಿಸುತ್ತದೆ. ಕ್ಯಾಟ್ ಫಿಶ್, ಸಕ್ಕರ್ ಫಿಶ್‌ಗಳ ಮುಳ್ಳು ಬಲೆಗೆ ಸಿಕ್ಕಿಕೊಂಡು ಹರಿಯುವುದರಿಂದ ಅವಕ್ಕೆ ಪ್ಲಾಸ್ಟಿಕ್ ಡಬ್ಬವೇ ಸರಿ.

ಕವರಿನಲ್ಲಿ ಮೂರರಲ್ಲೊಂದು ಪಾಲು ನೀರು, ಉಳಿದದ್ದು ಗಾಳಿ. ‘ಪಾಪ, ಜಾಸ್ತಿ ನೀರಿರಲಿ’ ಎಂದು ತುಂಬಿಸಿದಷ್ಟೂ ಮೀನಿಗೆ ಉಸಿರು ಕಡಿಮೆ. ಬಾಯಿಂದ ಊದಿ ಕವರು ಉಬ್ಬಿಸುವುದೂ ಬೇಡ, ನಾವು ಬಿಡುವ ಉಸಿರಿನಲ್ಲಿ ಸುಮಾರು ಶೇ 4ರಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಕವರಿನ ಮೂಲೆಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ದುಂಡಗೆ ಮಾಡಿ, ಇಲ್ಲವಾದರೆ ಮರಿಮೀನು ಅಲ್ಲಿ ಸಿಕ್ಕಿ ನಜ್ಜುಗುಜ್ಜಾಗುತ್ತದೆ. ಒಂದು ಕವರನ್ನು ಇನ್ನೊಂದರಲ್ಲಿ ತಲೆಕೆಳಗಾಗಿ ಇಟ್ಟು, ಎಲ್ಲವನ್ನೂ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಕೂರಿಸಿ. ಫೈಟರ್ ಮೀನಿಗೆ ಬೇರೆ ಕವರು. ಫೈಟರ್, ಗುರಾಮಿಗಳು ನೀರಿನ ಮೇಲಿನ ಗಾಳಿಯನ್ನೇ ನೇರ ಉಸಿರಾಡುವುದರಿಂದ ಅವಕ್ಕೆ ಶುದ್ಧ ಆಮ್ಲಜನಕ ತುಂಬಿಸಬೇಡಿ. ಹತ್ತಿರದ ಮನೆಗಾದರೆ ಇಷ್ಟು ಕಸರತ್ತೂ ಬೇಕಿಲ್ಲ, ಮುಚ್ಚಳವಿರುವ ಬಕೆಟ್ ಸಾಕು.

6. ಅಲ್ಲಿ ಬಿಡುವುದು

ಕವರನ್ನು ತೆರೆಯದೆ ಹದಿನೈದಿಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಡಿ, ಬಿಸಿ-ತಂಪು ಸಮವಾಗಲಿ. ಆಮೇಲೆ ಗಂಟೆಗಟ್ಟಲೆ ಹನಿ ಹನಿ ನೀರು ಬೆರೆಸುವ ಪದ್ಧತಿಯೊಂದಿದೆ. ದೂರದಿಂದ ಬಂದ ಕವರಿಗೆ ಅದು ಅಪಾಯ. ಮುಚ್ಚಿದ ಕವರಿನಲ್ಲಿ ಮೀನಿನ ಉಸಿರಿನಿಂದಲೇ ಪಿಎಚ್ ಇಳಿದು ಅಮೋನಿಯಾ ಅಡಗಿರುತ್ತದೆ. ಕವರು ಬಿಚ್ಚಿದೊಡನೆ ಇಂಗಾಲದ ಡೈಆಕ್ಸೈಡ್ ಹಾರಿ, ಪಿಎಚ್ ಏರಿ, ಅದೇ ನೀರು ವಿಷವಾಗುತ್ತದೆ. ನೀರನ್ನು ಮೊದಲೇ ಹೊಂದಿಸಿದ್ದೀರಲ್ಲ, ಮೀನನ್ನು ಎತ್ತಿ ಸೀದಾ ತೊಟ್ಟಿಗೆ ಬಿಡಿ, ಕವರಿನ ನೀರನ್ನು ಹೊರಗೆ ಚೆಲ್ಲಿ. ಆ ದಿನ ಲೈಟು ಬೇಡ, ತಿಂಡಿಯೂ ಬೇಡ.

7. ಗಾಜು

ಇದು ಸುಲಭ. ನೂರು ಲೀಟರಿನ ತೊಟ್ಟಿಯಲ್ಲಿ ನೀರೊಂದೇ ನೂರು ಕಿಲೊ. ನೀರು, ಜಲ್ಲಿ ಎರಡನ್ನೂ ಪೂರ್ತಿ ತೆಗೆಯದೆ ಎತ್ತಬೇಡಿ, ಎತ್ತುವಾಗ ಅಂಚು ಹಿಡಿಯದೆ ತಳಕ್ಕೆ ಕೈ ಕೊಡಿ. ಅಲ್ಲಿ ಸಮತಟ್ಟಾದ ಜಾಗದಲ್ಲಿ ಇಟ್ಟು, ನೀರು ತುಂಬಿ ಒಂದು ದಿನ ಸೋರುವುದೇ ಎಂದು ನೋಡಬೇಕು. ಮೀನು ಅಷ್ಟು ಹೊತ್ತು ಎಲ್ಲಿರುತ್ತದೆ ಎಂಬುದನ್ನು ಮೊದಲೇ ಯೋಚಿಸಿಡಿ, ಗಾಳಿ ಬಿಟ್ಟ ದೊಡ್ಡ ಟಬ್ಬಾದರೂ ಆದೀತು.

8. ಚೀಟಿ

ಯಾವ ಮೀನು, ಎಷ್ಟು ವಯಸ್ಸು, ಏನು ತಿನ್ನುತ್ತದೆ, ಎಷ್ಟು ಬಿಸಿ ಬೇಕು, ಯಾವುದು ಯಾವುದನ್ನು ಕಚ್ಚುತ್ತದೆ ಎಂದು ಅರ್ಧ ಪುಟ ಬರೆದುಕೊಡಿ. ಆ ಏಂಜೆಲ್ ಮೀನು ಬೆರಳು ತೋರಿಸಿದರೆ ಮುಂದೆ ಬರುತ್ತದೆ ಎಂಬುದನ್ನೂ ಬರೆಯಿರಿ. ಅಂಥದ್ದು ನಿಮ್ಮನ್ನು ಬಿಟ್ಟರೆ ಇನ್ಯಾರಿಗೂ ಗೊತ್ತಿರುವುದಿಲ್ಲ.

ಮೊದಲ ವಾರ ಫೋನ್ ಮಾಡಿದಾಗ ‘ಮೀನು ಹೇಗಿದೆ’ ಎಂದಷ್ಟೇ ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ಅಮೋನಿಯಾ ಎಷ್ಟಿದೆ, ನೈಟ್ರೈಟ್ ಎಷ್ಟಿದೆ ಎಂದು ಕೇಳಿ. ಎರಡರಲ್ಲಿ ಒಂದು ಸೊನ್ನೆಗಿಂತ ಮೇಲಿದ್ದರೂ ಅಂದೇ ಕಾಲು ಭಾಗ ನೀರು ಬದಲಿಸಿ, ತಿಂಡಿಯನ್ನು ಅರ್ಧಕ್ಕಿಳಿಸಿ, ಮರುದಿನ ಮತ್ತೆ ಪರೀಕ್ಷಿಸಲು ಹೇಳಿ.